ಕುಡಿದು ನೋಡಿದ ಮೇಲಷ್ಟೇ ‘ಆಗಿದೆ’

ಡಿಸೆಂಬರ್ ಇಪ್ಪತ್ತನಾಲ್ಕು, ೧೯೮೬. ಬೆಳಗಿನ ಐದಕ್ಕೆ ಇನ್ನೂ ಹತ್ತು ನಿಮಿಷ ಇದೆ. ಮಾಗಡಿ ರಸ್ತೆಯಿಂದ ಒಳಗೆ, ಶ್ರೀಗಂಧದ ಕಾವಲಿನ ಹೊಸ ಮನೆಗಳ ಸಾಲಿನ ತುದಿಯಲ್ಲಿ, ಒಬ್ಬ ಹೆಂಗಸು ಬೀದಿ ನಲ್ಲಿಯ ಎದುರು ನಿಂತಿದ್ದಾರೆ. ಸೀರೆಯ ಮೇಲೆ ಗಂಡನ ಹಳೆಯ ಸ್ವೆಟರ್, ತಲೆಗೆ ಸುತ್ತಿದ ಮಫ್ಲರ್, ಎಡಗೈಯಲ್ಲಿ ಉದ್ದನೆಯ ನೋಟ್‌ಬುಕ್, ಬಲಗೈಯಲ್ಲಿ ಒಂದು ಸ್ಟೀಲ್ ಲೋಟ. ನಲ್ಲಿಯ ಹತ್ತಿರ ಬಿಂದಿಗೆ ಬಿಟ್ಟು ಲೋಟ ಹಿಡಿದು ನಿಂತವರನ್ನು ನಾನು ನೋಡುತ್ತಿರುವುದು ಇದೇ ಮೊದಲು.

ಅವರು ನಲ್ಲಿ ತಿರುಗಿಸುತ್ತಾರೆ. ಒಳಗಿನಿಂದ ‘ಸುಂಯ್’ ಎಂದು ಒಂದಿಷ್ಟು ಗಾಳಿ ಬರುತ್ತದೆ, ಅಷ್ಟೆ. ಉದ್ಘಾಟನೆಯ ದಿನ ಪೈಪಿಗೆ ಸುತ್ತಿದ್ದ ಸೇವಂತಿಗೆ ಹಾರ ಒಣಗಿ ಹುಲ್ಲಾಗಿದೆ. ಆರೂಕಾಲು ಗಂಟೆಯವರೆಗೆ ಕಾದು, ಲೋಟವನ್ನು ಚೀಲಕ್ಕೆ ಹಾಕಿ, ನೋಟ್‌ಬುಕ್ಕಿನಲ್ಲಿ ಏನೋ ಬರೆದುಕೊಳ್ಳುತ್ತಾರೆ.

“ಇವತ್ತಿಗೆ ಮೂರು ಸಲ ಆಯ್ತು ಸಾರ್. ಬಂದಿಲ್ಲ,” ಎನ್ನುತ್ತಾರೆ ಗಂಗಲಕ್ಷ್ಮಮ್ಮ. “ಈಗ ಆಫೀಸಿಗೆ ಹೋಗಿ ಸಾಹೇಬ್ರಿಗೆ ಹೇಳ್ಬೇಕು. ಅದೇ ಕಷ್ಟ.”

ಗಂಗಲಕ್ಷ್ಮಮ್ಮ ಶಾಸಕ ಜಂಬಣ್ಣನವರ ರಾಜಾಜಿನಗರದ ಕಚೇರಿಯಲ್ಲಿ ಕನ್ನಡ ಟೈಪಿಸ್ಟ್. ಪ್ರತಿ ವರ್ಷದ ಕೊನೆಗೆ ಶಾಸಕರು ತಮ್ಮ ಮತದಾರರಿಗೆ ನಾಲ್ಕು ಪುಟದ ವರದಿ ಕಳಿಸುತ್ತಾರೆ: ಸದನದಲ್ಲಿ ಎಷ್ಟು ಪ್ರಶ್ನೆ ಕೇಳಿದೆ, ಮಂತ್ರಿಗಳು ಏನು ಭರವಸೆ ಕೊಟ್ಟರು, ಅದರಲ್ಲಿ ಏನೇನು ನಡೆಯಿತು ಎಂದು. ಈ ಸಲದ ವರದಿ ಇಪ್ಪತ್ತಾರಕ್ಕೆ ಸೈಕ್ಲೋಸ್ಟೈಲ್ ಯಂತ್ರದಲ್ಲಿ ಅಚ್ಚಾಗಬೇಕು. ಅದರ ಮೊದಲ ಪುಟದ ಮೊದಲ ಸಾಲಿಗೆ ಗೊತ್ತು ಮಾಡಿರುವುದೇ ಈ ನಲ್ಲಿ. ಜುಲೈ ಅಧಿವೇಶನದಲ್ಲಿ ಜಂಬಣ್ಣನವರು ಎದ್ದು ನಿಂತು ಕೇಳಿ, ‘ವರ್ಷದೊಳಗೆ ನೀರು ಕೊಡುತ್ತೇವೆ’ ಎಂದು ಮಂತ್ರಿಗಳ ಬಾಯಲ್ಲಿ ಹೇಳಿಸಿ, ಡಿಸೆಂಬರ್ ಒಂಬತ್ತಕ್ಕೆ ತಾವೇ ತೆಂಗಿನಕಾಯಿ ಒಡೆದು ತಿರುಗಿಸಿದ ನಲ್ಲಿ. ಅವರ ವರ್ಷದ ದೊಡ್ಡ ಹೆಮ್ಮೆ ಅದು.

ನಿಜ ಹೇಳುತ್ತೇನೆ, ಶಾಸಕರ ವರದಿ ಎಂದರೆ ನನಗೆ ಮೊದಲಿನಿಂದಲೂ ತಾತ್ಸಾರ. ಬಸವೇಶ್ವರನಗರದ ನನ್ನ ಮನೆಯ ಬಾಗಿಲ ಸಂದಿನಲ್ಲಿ ತೂರಿಸಿ ಹೋದ ಅಂಥ ಕಾಗದಗಳೆಲ್ಲ ಮಾರನೆಯ ದಿನ ಕಡಲೆಕಾಯಿ ಗಾಡಿ ಸೇರುತ್ತವೆ. ಸಂಪಾದಕರು ಜಂಬಣ್ಣನವರ ಬಗ್ಗೆ ಒಂದು ಪುಟ ಬರಿ ಎಂದಾಗ ಗೊಣಗಿಕೊಂಡೇ ಹೋಗಿದ್ದೆ. ಜಂಬಣ್ಣನವರು ಹಿಂದಿನ ವರ್ಷದ ವರದಿ ಕೈಗಿತ್ತರು. ‘ಇದರಲ್ಲಿ ಎಷ್ಟು ನಿಜ ಸಾರ್?’ ಎಂದು ಕೊಂಕು ತೆಗೆದೆ. ಅವರು ನಕ್ಕು, ‘ನನ್ನನ್ನ ಕೇಳಬೇಡಿ, ಆ ಅಮ್ಮನ್ನ ಕೇಳಿ’ ಎಂದು ಮೂಲೆಯ ಟೈಪ್‌ರೈಟರ್ ಕಡೆ ಕೈ ತೋರಿಸಿದರು. ಹಾಗೆ ನಾನು ಶಾಸಕರನ್ನು ಬಿಟ್ಟು ಈ ಅಮ್ಮನ ಹಿಂದೆ ಬಿದ್ದೆ.

ಗಂಗಲಕ್ಷ್ಮಮ್ಮನಿಗೆ ಈಗ ನಲವತ್ತಾರು. ಮನೆ ಬಾಪೂಜಿ ನಗರದ ಒಂದು ವಠಾರದಲ್ಲಿ, ಎರಡು ಕೋಣೆ. ಗಂಡ ಕೃಷ್ಣಯ್ಯ ಗಿರಣಿಯಲ್ಲಿ ನೇಯ್ಗೆ ಕೆಲಸದಲ್ಲಿದ್ದರು. ಗಿರಣಿ ಬಾಗಿಲು ಮುಚ್ಚಿದಾಗ ಈಕೆಗೆ ಮೂವತ್ತೆಂಟು ವರ್ಷ, ಓದು ಎಸ್ಸೆಸ್ಸೆಲ್ಸಿಗೆ ನಿಂತಿತ್ತು. ವಿಜಯನಗರದ ಟೈಪಿಂಗ್ ಇನ್‌ಸ್ಟಿಟ್ಯೂಟಿಗೆ ಸೇರಿದರು. “ಎಲ್ಲಾ ಹದಿನೆಂಟು, ಇಪ್ಪತ್ತರ ಹುಡ್ಗೀರು. ನಂಗೆ ಬೆರಳೇ ಬಗ್ತಿರ್ಲಿಲ್ಲ. ಮನೇಲಿ ರೊಟ್ಟಿ ತಟ್ಟೋ ಮಣೆ ಮೇಲೆ ಸೀಮೆಸುಣ್ಣದಲ್ಲಿ ಅಕ್ಷರ ಬರ್ಕೊಂಡು ಪ್ರಾಕ್ಟೀಸ್ ಮಾಡ್ತಿದ್ದೆ,” ಎಂದು ನಗುತ್ತಾರೆ. ಸೀನಿಯರ್ ಪರೀಕ್ಷೆಯನ್ನು ಮೊದಲ ದರ್ಜೆಯಲ್ಲಿ ಪಾಸು ಮಾಡಿದರು. ಎಂಬತ್ತಮೂರರಲ್ಲಿ ಜಂಬಣ್ಣನವರು ಗೆದ್ದು ಬಂದಾಗ ಕಚೇರಿಯಲ್ಲಿ ಕೆಲಸ ಸಿಕ್ಕಿತು. ಇಂದಿಗೂ ಅದು ಹಂಗಾಮಿ ಕೆಲಸವೇ. ಶಾಸಕರು ‘ನಾಳೆಯಿಂದ ಬೇಡ’ ಎಂದರೆ ಮುಗಿಯಿತು.

ಈಗ ಬೆಳಗಿನ ಅಡುಗೆ ಕೃಷ್ಣಯ್ಯನವರದು. ನಲ್ಲಿಯಿಂದ ನಾವು ಮನೆಗೆ ಬರುವಷ್ಟರಲ್ಲಿ ಉಪ್ಪಿಟ್ಟು ಸಿದ್ಧವಾಗಿದೆ. “ಇವ್ಳು ಟೈಪ್ ಮಾಡೋಕೆ ಅಂತ ಸೇರಿದ್ಲು ಸಾರ್. ಈಗ ಮಾಡ್ತಿರೋದು ಇನ್‌ಸ್ಪೆಕ್ಟರ್ ಕೆಲ್ಸ. ಸಂಬಳ ಮಾತ್ರ ಟೈಪಿಸ್ಟಿಂದು,” ಎನ್ನುತ್ತಾ ತಟ್ಟೆ ಮುಂದಿಡುತ್ತಾರೆ. ಮಾತಿನಲ್ಲಿ ದೂರು ಇದ್ದರೂ ದನಿಯಲ್ಲಿ ಇಲ್ಲ.

ಈ ಇನ್‌ಸ್ಪೆಕ್ಟರ್ ಕೆಲಸವನ್ನು ಅವರಿಗೆ ಯಾರೂ ಹೇಳಿಕೊಟ್ಟಿಲ್ಲ. ಒಂದು ತಪ್ಪು ಕಲಿಸಿತು. ಎಂಬತ್ತಮೂರರ ಮೊದಲ ವರದಿಯಲ್ಲಿ ‘ಬ್ಯಾಡರಹಳ್ಳಿಯ ಬೋರ್‌ವೆಲ್ ಕೆಲಸ ಪೂರ್ಣವಾಗಿದೆ’ ಎಂದು ಗಂಗಲಕ್ಷ್ಮಮ್ಮ ಟೈಪ್ ಮಾಡಿದ್ದರು. ಎಂಜಿನಿಯರ್ ಪತ್ರದಲ್ಲಿ ಹಾಗೇ ಇತ್ತು. ವರದಿ ಹಂಚಿದ ನಾಲ್ಕನೆಯ ದಿನ ಬ್ಯಾಡರಹಳ್ಳಿಯ ಪಾಪಮ್ಮ ಎಂಬ ಮುದುಕಿ ಬಸ್ಸಿಳಿದು ಕಚೇರಿಗೆ ಬಂದರು. ಸೊಂಟದಲ್ಲಿ ಖಾಲಿ ಬಿಂದಿಗೆ, ಬಿಂದಿಗೆಯೊಳಗೆ ಮಡಿಸಿಟ್ಟ ವರದಿ. ಟೈಪ್‌ರೈಟರ್ ಪಕ್ಕದಲ್ಲೇ ಬಿಂದಿಗೆ ಕುಕ್ಕಿ ಕೇಳಿದರಂತೆ: “ಈ ಕಾಗ್ದದಾಗೆ ನೀರೈತಂತೆ ಕಣವ್ವ. ನಮ್ಮೂರಾಗಂತೂ ಇಲ್ಲ. ಎಲ್ಲೈತೋ ಅಲ್ಲಿಂದ ತುಂಬ್ಸಿಕೊಡು, ವೊಯ್ತೀನಿ.”

ಕೊಳವೆ ಕೊರೆದಿದ್ದರು, ಕಟ್ಟೆ ಕಟ್ಟಿದ್ದರು, ಪಂಪಿನ ಹಿಡಿ ಮಾತ್ರ ಹಾಕಿರಲಿಲ್ಲ. ಇಲಾಖೆಯ ಲೆಕ್ಕದಲ್ಲಿ ಕೆಲಸ ಪೂರ್ಣ, ಪಾಪಮ್ಮನ ಲೆಕ್ಕದಲ್ಲಿ ಬಿಂದಿಗೆ ಖಾಲಿ. “ಆಕೆ ಬೈದಿದ್ರೆ ಸಹಿಸ್ಕೊಳ್ತಿದ್ದೆ ಸಾರ್. ಬೈಲಿಲ್ಲ. ಓದ್ಸಿ ಕೇಳಿ, ನಂಬಿ, ಅಷ್ಟು ದೂರ ಬಂದಿದ್ರು,” ಎನ್ನುತ್ತಾರೆ ಗಂಗಲಕ್ಷ್ಮಮ್ಮ. ಅಂದೇ ಒಂದು ಉದ್ದನೆಯ ನೋಟ್‌ಬುಕ್ ಕೊಂಡರು. ಈಗ ಇರುವುದು ಒಂಬತ್ತನೆಯದು.

ಅವರ ಪದ್ಧತಿ ಸರಳ. ಕೆಲಸವನ್ನು ಕಣ್ಣಾರೆ ನೋಡಿದರೆ ನೋಟ್‌ಬುಕ್ಕಿನಲ್ಲಿ ಒಂದು ಗೀಟು, ತಾವೇ ಬಳಸಿ ನೋಡಿದರೆ ಎರಡು ಗೀಟು. ಎರಡು ಗೀಟು ಬೀಳದೆ ವರದಿಯಲ್ಲಿ ‘ಆಗಿದೆ’ ಎಂಬ ಮಾತು ಬರುವುದಿಲ್ಲ. ನಲ್ಲಿಯಾದರೆ ನೀರು ಕುಡಿಯಬೇಕು. ಬೀದಿದೀಪವಾದರೆ ಅದರ ಕೆಳಗೆ ನಿಂತು ಪೇಪರಿನ ಸಣ್ಣ ಅಕ್ಷರ ಓದಬೇಕು. ಕೆಂಗೇರಿಗೆ ಹೊಸ ಬಸ್ಸು ಎಂದರೆ ಅದರಲ್ಲಿ ಕೂತು ಹೋಗಿ ಬಂದು, ಟಿಕೆಟ್ಟನ್ನು ಪುಟಕ್ಕೆ ಅಂಟಿಸಬೇಕು. ಹೆಂಗಸರ ಶೌಚಾಲಯವನ್ನೂ ಬಿಟ್ಟಿಲ್ಲ ಎಂದು ಅವರು ಹೇಳಿದಾಗ ನಾನು ಮುಂದೆ ಕೇಳಲು ಹೋಗಲಿಲ್ಲ. ಸದನದ ವಿಷಯಕ್ಕೂ ಇದೇ ನೇಮ. ನಡಾವಳಿಯ ಪುಸ್ತಕ ತರಿಸಿ, ಶಾಸಕರು ಕೇಳಿದ್ದೇನು, ಮಂತ್ರಿಗಳು ಹೇಳಿದ್ದೇನು ಎಂದು ಸಾಲು ಸಾಲಾಗಿ ಹೋಲಿಸುತ್ತಾರೆ. ಈ ವರ್ಷ ಕೇಳಿದ ಪ್ರಶ್ನೆ ಐವತ್ತೇಳು, ಉತ್ತರ ಬಂದದ್ದು ನಲವತ್ತೊಂದಕ್ಕೆ. ಮಂತ್ರಿಗಳು ಕೊಟ್ಟ ಭರವಸೆ ಹನ್ನೆರಡು, ಎರಡು ಗೀಟು ಬಿದ್ದದ್ದು ಐದಕ್ಕೆ. ಆ ಐದು ಆರಾಗುತ್ತದೆ ಎಂದು ಜಂಬಣ್ಣನವರು ಕಾದಿದ್ದಾರೆ.

ದಿನಕ್ಕೆ ಮೂವತ್ತು, ನಲವತ್ತು ಅರ್ಜಿ ಟೈಪ್ ಮಾಡುವುದರ ನಡುವೆ ಇದೆಲ್ಲ ನಡೆಯುತ್ತದೆ. ಅದಕ್ಕೇ ಬೆಳಗಿನ ಜಾವ. “ಹತ್ತು ಗಂಟೆಗೆ ಹೋದ್ರೆ ಕಾಂಟ್ರಾಕ್ಟರ್ ಸಿಗ್ತಾರೆ. ಐದಕ್ಕೆ ಹೋದ್ರೆ ನಿಜ ಸಿಗತ್ತೆ,” ಎಂದು ಅವರು ಬಲು ಸಹಜವಾಗಿ ಹೇಳಿದ್ದನ್ನು ನಾನು ಬರೆದುಕೊಂಡೆ.

ಅಂದು ಹತ್ತಕ್ಕೆ ಕಚೇರಿ ತುಂಬಿದೆ. ಗಂಗಲಕ್ಷ್ಮಮ್ಮ ಮೊದಲ ಪುಟದ ಸ್ಟೆನ್ಸಿಲ್, ಅಂದರೆ ಟೈಪ್ ಮಾಡಿದ ಮೇಣದ ಹಾಳೆ, ಒಯ್ದು ಜಂಬಣ್ಣನವರ ಮೇಜಿನ ಮೇಲಿಡುತ್ತಾರೆ. ತಲೆಬರಹದ ಕೆಳಗೆ ಮೂರು ಸಾಲಿನಷ್ಟು ಜಾಗ ಖಾಲಿ. ನಾನು ಬೆಂಚಿನ ಮೇಲೆ ಪೇಪರ್ ಓದುವವನಂತೆ ಕೂತಿದ್ದೇನೆ, ಓದುತ್ತಿಲ್ಲ.

“ಏನಮ್ಮಾ, ನಲ್ಲಿದು ಎಲ್ಲಿ?”

“ಬಂದಿಲ್ಲ ಸಾರ್. ಮೂರು ದಿನ ನೋಡ್ದೆ.”

ಜಂಬಣ್ಣನವರ ಮುಖ ಕೆಂಪಾಗುತ್ತದೆ. “ಗಂಗಲಕ್ಷ್ಮಮ್ಮನವರೇ, ಆ ನೀರು ನಾನು ಕುಡಿದೀನಿ. ಇನ್ನೂರು ಜನದ ಎದುರಿಗೆ, ಬೊಗಸೆ ಒಡ್ಡಿ. ನನ್ನ ಬೊಗಸೆ ಸುಳ್ಳು, ನಿಮ್ಮ ಲೋಟ ನಿಜಾನಾ?”

ಗಂಗಲಕ್ಷ್ಮಮ್ಮನ ಕೈ ಸೆರಗಿನ ತುದಿ ಹಿಡಿದಿದೆ. “ನೀವು ಕುಡಿದಿದ್ದು ನಿಜ ಸಾರ್. ಆದ್ರೆ ಅದು ಲೈನಿನ ನೀರಲ್ಲ. ಹಿಂದಿನ ಸಂಜೆ ಟ್ಯಾಂಕರ್ ತಂದು ಪೈಪಿಗೆ ತುಂಬ್ಸಿದ್ರಂತೆ. ಎದುರುಮನೆ ತಿಮ್ಮಯ್ಯನವರು ಜಗಲೀಲಿ ಕೂತು ನೋಡಿದಾರೆ. ದೊಡ್ಡ ಲೈನಿಗೆ ಈ ಪೈಪು ಇನ್ನೂ ಸೇರ್ಸೇ ಇಲ್ಲ.”

“ಇದನ್ನ ಇವತ್ತು ಹೇಳ್ತಿದೀರಲ್ಲ!”

“ಒಬ್ರ ಮಾತು ಕೇಳಿ ಹೇಳ್ಬಾರ್ದು ಅಂತ ನಾನೇ ಹೋಗಿ ನೋಡ್ದೆ ಸಾರ್. ಆಗಿದೆ ಅಂತ್ಲೇ ಹಾಕ್ಬೇಕು ಅಂದ್ರೆ ಬೇರೆಯವ್ರ ಕೈಲಿ ಟೈಪ್ ಹೊಡೆಸಿ. ನನ್ನ ಕೈಲಿ ಬೇಡ.”

ಇಷ್ಟು ಹೇಳಿ ಅವರು ಅಲ್ಲೇ ನಿಂತರು. ಹಂಗಾಮಿ ಕೆಲಸದ ಹೆಂಗಸು, ಕೆಲಸವಿಲ್ಲದ ಗಂಡ ಮನೆಯಲ್ಲಿ, ಎದುರಿಗೆ ಕುದಿಯುತ್ತಿರುವ ಶಾಸಕ. ಪತ್ರಕರ್ತನಾಗಿ ಹನ್ನೆರಡು ವರ್ಷದಲ್ಲಿ ನಾನು ಯಾವ ದೊಡ್ಡವರ ಮುಂದೆಯೂ ಹೀಗೆ ನಿಂತಿಲ್ಲ. ಅದನ್ನು ಇಲ್ಲಿ ಒಪ್ಪಿಕೊಳ್ಳುವುದೇ ಲೇಸು.

ಜಂಬಣ್ಣನವರು ಫೋನ್ ತಿರುಗಿಸಿ ಕಾಂಟ್ರಾಕ್ಟರನನ್ನು ಹಿಡಿದರು. ‘ಟ್ಯಾಂಕರ್ ತರಿಸಿದ್ದು ಹೌದೋ ಅಲ್ಲವೋ’ ಎಂದು ಒಂದೇ ಪ್ರಶ್ನೆ ಕೇಳಿದರು. ಬಹಳ ಹೊತ್ತು ಕೇಳಿಸಿಕೊಂಡರು. ರಿಸೀವರ್ ಇಟ್ಟು, ಕನ್ನಡಕ ತೆಗೆದು, ಕಣ್ಣೊರೆಸಿಕೊಂಡು, “ಕೂತ್ಕೊಳ್ಳಿ ಅಮ್ಮಾ. ನಾನು ಹೇಳ್ತೀನಿ, ಹೊಡೀರಿ,” ಎಂದರು.

ಅವರು ಹೇಳಿದ ಮೂರು ಸಾಲು ಇವು: ‘ಶ್ರೀಗಂಧದ ಕಾವಲಿನಲ್ಲಿ ನಲ್ಲಿ ಹಾಕಲಾಗಿದೆ. ನೀರು ಬಂದಿಲ್ಲ. ಉದ್ಘಾಟನೆಯ ದಿನ ನಾನು ಕುಡಿದದ್ದು ಟ್ಯಾಂಕರ್ ನೀರು. ತಿಳಿಯದೆ ಹಾರ ಹಾಕಿಸಿಕೊಂಡಿದ್ದಕ್ಕೆ ಕ್ಷಮೆ ಇರಲಿ. ಸದನದಲ್ಲಿ ಮತ್ತೆ ಕೇಳುತ್ತೇನೆ.’

ಗಂಗಲಕ್ಷ್ಮಮ್ಮ ಹೊಡೆಯುತ್ತಾ ಹೋದರು. ‘ಕ್ಷಮೆ’ ಎಂಬಲ್ಲಿ ಬೆರಳು ತಪ್ಪಿತು. ತಪ್ಪು ಮುಚ್ಚುವ, ಉಗುರುಬಣ್ಣದಂಥ ಕೆಂಪು ದ್ರವ ಸವರಿ, ಊದಿ ಒಣಗಿಸಿ, ಅದೇ ಜಾಗದಲ್ಲಿ ಮತ್ತೆ ಹೊಡೆದರು. “ಸ್ಟೆನ್ಸಿಲ್ ಮೇಲೆ ನಾನು ತಪ್ಪೇ ಹೊಡೆಯಲ್ಲ ಸಾರ್. ಅವತ್ತು ಒಂದಕ್ಷರ ತಪ್ಪಿಹೋಯ್ತು. ಸಾಹೇಬ್ರು ದೊಡ್ಡೋರು, ಒಪ್ಕೊಂಡ್ರು,” ಎಂದು ಆಮೇಲೆ ನನ್ನ ಹತ್ತಿರ ಹೇಳಿದರು.

ವರದಿಯ ಆರು ಸಾವಿರ ಪ್ರತಿ ಮನೆಮನೆಗೆ ಹೋದವು. ಎದುರು ಪಕ್ಷದವರು ಒಂದು ವಾರ ನಕ್ಕರು. ಟೀ ಅಂಗಡಿಗಳಲ್ಲಿ ಜಂಬಣ್ಣನವರಿಗೆ ‘ಟ್ಯಾಂಕರ್ ಸಾಹೇಬ್ರು’ ಎಂದು ಹೆಸರೂ ಬಿತ್ತು. ಆದರೆ ಶ್ರೀಗಂಧದ ಕಾವಲಿನಲ್ಲಿ ಯಾರೂ ನಗಲಿಲ್ಲ. ನಿವೃತ್ತ ಬಸ್ ಕಂಡಕ್ಟರ್ ತಿಮ್ಮಯ್ಯ ಆ ಮೊದಲ ಪುಟ ಹಿಡಿದು, ಬೀದಿಯ ಇಪ್ಪತ್ತು ಜನರನ್ನು ಕಟ್ಟಿಕೊಂಡು ಎಂಜಿನಿಯರ್ ಕಚೇರಿಗೆ ಹೋದರು. “ಅವ್ರು ಫೈಲ್ ತೆಗ್ದು ‘ಕಂಪ್ಲೀಟ್ ಆಗಿದೆಯಲ್ರೀ’ ಅಂದ್ರು. ನಾನು ಈ ಪುಟ ಮುಂದಿಟ್ಟೆ. ಎಮ್ಮೆಲ್ಲೆನೇ ಸೈನ್ ಮಾಡಿ ಇಲ್ಲ ಅಂದವ್ರೆ, ನೀವ್ಯಾರ್ರೀ ಐತೆ ಅನ್ನೋಕೆ ಅಂದೆ,” ಎಂದು ತಿಮ್ಮಯ್ಯ ಈಗಲೂ ಎದೆ ಉಬ್ಬಿಸಿ ಹೇಳುತ್ತಾರೆ. ಜಂಬಣ್ಣನವರು ಜನವರಿ ಅಧಿವೇಶನದಲ್ಲಿ ಅದೇ ಮೂರು ಸಾಲನ್ನು ಓದಿದರು. ಪೈಪು ಸೇರಿಸಲು ಆದೇಶವಾಯಿತು.

ಫೆಬ್ರವರಿ ಎರಡನೆಯ ವಾರ ನೀರು ಬಂತು. ಬೀದಿಯವರು ಗಂಗಲಕ್ಷ್ಮಮ್ಮನನ್ನು ಕರೆಸಿ, ಅರಿಸಿನ ಕುಂಕುಮ ಕೊಟ್ಟು, ಮೊದಲ ಲೋಟ ಅವರಿಗೇ ಹಿಡಿದರಂತೆ. ನೀರು ಕುಡಿದು ಬಂದಿದ್ದಾರೆ ಎಂದು ಕೇಳಿ ಕಚೇರಿಗೆ ಹೋದೆ. ಎಂದಿನಂತೆ ಅರ್ಜಿಗಳ ರಾಶಿಯ ನಡುವೆ ಕೂತಿದ್ದರು. ನೋಟ್‌ಬುಕ್ ಇಸಿದುಕೊಂಡು ಆ ಪುಟ ತೆಗೆದೆ. ಒಂದೇ ಗೀಟು ಇತ್ತು.

“ಕುಡಿದಿರಂತಲ್ಲಮ್ಮಾ, ಇನ್ನೊಂದು ಗೀಟು ಎಲ್ಲಿ?” ಎಂದೆ.

“ಬಂದಿರೋದು ಮೂರು ದಿನ ಸಾರ್. ಇದು ಫೆಬ್ರವರಿ, ಯಾರ ಮನೇಲಾದ್ರೂ ನೀರು ಬರತ್ತೆ,” ಎಂದರು ಗಂಗಲಕ್ಷ್ಮಮ್ಮ, ಟೈಪ್‌ರೈಟರಿಗೆ ಹೊಸ ಹಾಳೆ ಏರಿಸುತ್ತಾ. “ಯುಗಾದಿ ಕಳೀಲಿ. ಮೇ ತಿಂಗ್ಳಲ್ಲಿ ಐದು ಗಂಟೆಗೆ ಹೋಗ್ತೀನಿ, ಆಗ್ಲೂ ಬರ್ಬೇಕು. ಆಗಿದೆ ಅಂತ ಹೊಡೆಯೋಕೆ ನಂಗೂ ಕೈ ತುರಿಸ್ತಾ ಇದೆ, ಆಸೆ ಇಲ್ವಾ? ಆದ್ರೆ ನಾನು ಹೊಡೆದ್ರೆ ಆ ಬೀದಿಯೋರು ಇಷ್ಟು ದಿನ ನೀರು ಸೇದ್ತಿದ್ದ ಬಾವಿ ಹಗ್ಗ ಎತ್ತಿಟ್ಬಿಡ್ತಾರೆ ಸಾರ್. ಅಷ್ಟು ನಂಬ್ತಾರೆ.”