ದಿವಾದ ಹುಡುಗಿಯ ಮೊಣಕಾಲು

2007ರಲ್ಲಿ ನಾನು ನವಿ ಮುಂಬಯಿಯ ನೆರೂಳದ ಒಂದು ಕಾಲೇಜಿನಲ್ಲಿ ಡೈರೆಕ್ಟರ್ ಆಫ್ ಫಿಸಿಕಲ್ ಎಜುಕೇಶನ್ ಆಗಿದ್ದೆ. ಹುದ್ದೆಯ ಹೆಸರು ದೊಡ್ಡದು. ಆಟಗಾರರನ್ನು ಹುಡುಕುವುದು, ಅವರ ಹಾಜರಿಗಾಗಿ ಪ್ರೊಫೆಸರುಗಳ ಹಿಂದೆ ಅಲೆಯುವುದು, ಗ್ರೌಂಡಿನಲ್ಲಿ ಮದುವೆ ಪೆಂಡಾಲ್ ಹಾಕಲು ಬಂದವರನ್ನು ಓಡಿಸುವುದು, ಇಷ್ಟು ಕೆಲಸ. ನಾನು ಓದಿದ್ದು ಮಂಗಳೂರಿನ ಕಾನ್ವೆಂಟಿನಲ್ಲಿ. "ಗರ್ಲ್ಸ್, ನೀಸ್ ಟುಗೆದರ್" ಎಂದು ದಿನಕ್ಕೆ ಹತ್ತು ಸಲ ಹೇಳುತ್ತಿದ್ದ ಸಿಸ್ಟರ್‌ಗಳು ನಮ್ಮ ಕೈಗೆ ಥ್ರೋಬಾಲ್ ಕೊಟ್ಟದ್ದೇ ಹೆಚ್ಚು, ಕಾಲಿಗೆ ಫುಟ್‌ಬಾಲ್ ಕೊಡುವ ಮಾತೇ ಇರಲಿಲ್ಲ. ಅಂಥವಳು ಕೊನೆಗೆ ಹುಡುಗಿಯರ ಫುಟ್‌ಬಾಲ್ ಟೀಮ್ ಕಟ್ಟಲು ಹೊರಟೆ.

ಆ ವರ್ಷ ನಮ್ಮ ಛೇರ್ಮನ್‌ರಿಗೆ ಮಹಿಳಾ ಫುಟ್‌ಬಾಲಿನ ಹುಚ್ಚು ಹಿಡಿದಿತ್ತು. ಥಾಣೆ, ಕಲ್ಯಾಣ ಕಡೆಯ ಕಾಲೇಜುಗಳು ಒಳ್ಳೆಯ ಆಟಗಾರರನ್ನು ಹನ್ನೊಂದನೆಯ ತರಗತಿಯ ತನಕ ಕಾಯದೆ, ಎಂಟು-ಒಂಬತ್ತನೆಯ ತರಗತಿಯಲ್ಲೇ ಹಿಡಿದಿಡುತ್ತಿದ್ದವು. ಇದಕ್ಕೆ ಕೋಚ್‌ಗಳ ಭಾಷೆಯಲ್ಲಿ 'ಬುಕಿಂಗ್' ಎಂದು ಹೆಸರು. ಮಗುವನ್ನು ಕಾಲೇಜು ನಡೆಸುವ ಟ್ರಸ್ಟಿನದೇ ಶಾಲೆಗೆ ಸೇರಿಸಿ, ಹಾಸ್ಟೆಲು, ಊಟ, ಶೂಸು ಎಲ್ಲ ಕೊಟ್ಟು ಬೆಳೆಸುವುದು. ಪ್ರತಿಯಾಗಿ ಡಿಗ್ರಿ ಮುಗಿಯುವವರೆಗೆ ಆ ಮಗು ಇದೇ ಜೆರ್ಸಿ ತೊಡಬೇಕು. "ಕ್ಯಾಚ್ ದೆಮ್ ಯಂಗ್, ಮೇಡಂ," ಎಂದು ಛೇರ್ಮನ್ ಮೇಜು ಕುಟ್ಟಿದರು. ಮೀನು ಹಿಡಿಯುವ ಮಾತಿನಂತೆ ಕೇಳಿಸಿತು ನನಗೆ. ಆದರೂ ತಲೆಯಾಡಿಸಿದೆ.

ನನ್ನ ಮನೆ ಕೋಪರಿಯಲ್ಲಿ, ಥಾಣೆ ಸ್ಟೇಷನ್ನಿನ ಪೂರ್ವಕ್ಕೆ. ಬೆಳಗಿನ ರೈಲಿಗೆ ಮೊದಲು ಅಲ್ಲೇ ಒಂದು ಉಡುಪಿ ಹೋಟೆಲಿನಲ್ಲಿ ಕಾಫಿ ಕುಡಿಯುವುದು ನನ್ನ ಅಭ್ಯಾಸ. ಅದರ ಕೌಂಟರಿನಲ್ಲಿ ಕೂರುತ್ತಿದ್ದವರು ಸಂಜೀವಣ್ಣ, ಕಾರ್ಕಳದ ಕಡೆಯವರು. ನನ್ನ ತವರೂ ಅಲ್ಲಿಂದ ದೂರವಲ್ಲ. ಪರವೂರಿನಲ್ಲಿ ಇಷ್ಟು ಸಾಕಲ್ಲ, ನಾನು ಅವರಿಗೆ "ನಮ್ಮೂರಿನ ಟೀಚರ್" ಆಗಿಬಿಟ್ಟಿದ್ದೆ.

ಒಂದು ದಿನ ಚಿಲ್ಲರೆ ಕೊಡುತ್ತಾ ಅವರೇ ಮಾತು ತೆಗೆದರು. "ಟೀಚರ್, ನನ್ನ ಮಗಳಿಗೆ ಸ್ವಲ್ಪ ಬುದ್ಧಿ ಹೇಳ್ಬೇಕಿತ್ತು. ದಿವಾದಲ್ಲಿ ಗಂಡುಮಕ್ಕಳ ಒಟ್ಟಿಗೆ ಚೆಂಡು ಒದೀತಾಳೆ. ಬಿಲ್ಡಿಂಗ್‌ನವರೆಲ್ಲ ಕಂಪ್ಲೇಂಟ್."

"ಹುಡುಗರಿಗೆ ಪೆಟ್ಟಾಗ್ತದಂತಾ?"

"ಇಲ್ಲ ಮಾರಾಯ್ರೆ. ಹುಡುಗರು ಸೋಲ್ತಾರಂತೆ!"

ಆ ಭಾನುವಾರವೇ, ಥಾಣೆಯಿಂದ ಮೂರು ಸ್ಟೇಷನ್ ಆಚೆ ಅವರ ಮನೆಯಿದ್ದ ದಿವಾಕ್ಕೆ ಹೋದೆ. ಹಳಿಗಳ ಆಚೆ, ಅರ್ಧ ಕಟ್ಟಿದ ಬಿಲ್ಡಿಂಗುಗಳ ನಡುವೆ ಜಲ್ಲಿ ಹರಡಿದ ಜಾಗ. ಅಲ್ಲಿ ನಿಖಿತಾಳನ್ನು ಮೊದಲ ಸಲ ನೋಡಿದೆ. ಹದಿಮೂರು ವರ್ಷ, ಕಡ್ಡಿಯಂಥ ಕಾಲುಗಳು. ಚೆಂಡು ಕಾಲಿಗೆ ಬರುವ ಮೊದಲೇ ತಲೆಯೆತ್ತಿ ಅತ್ತಿತ್ತ ನೋಡುತ್ತಿದ್ದಳು. ಫುಟ್‌ಬಾಲಿನಲ್ಲಿ ಇದನ್ನು 'ಸ್ಕ್ಯಾನಿಂಗ್' ಎನ್ನುತ್ತೇವೆ. ಚೆಂಡು ಬಂದ ಮೇಲೆ ಯೋಚಿಸುವವರು ಸಾಧಾರಣ ಆಟಗಾರರು, ಬರುವ ಮೊದಲೇ ಯೋಚಿಸಿ ಮುಗಿಸಿರುವವರು ಬೇರೆ ಜಾತಿ. ಕಲಿಸಿ ಬರುವುದಲ್ಲ ಅದು. ನಮ್ಮ ಕೋಚ್ ಕದಮ್ ಸರ್ ಜೊತೆಗೆ ಬಂದಿದ್ದರು. ನನ್ನ ಕಡೆ ನೋಡಿ ಹುಬ್ಬೇರಿಸಿದರು.

ನೆರೂಳದಲ್ಲಿ ಆಯ್ಕೆ ಸಮಿತಿಯ ಮುಂದೆ ಅವಳ ಹೆಸರನ್ನು ಇಟ್ಟವಳು ನಾನೇ. ಮನೆ ದೂರ, ಹೆಣ್ಣುಮಗು, ಅರ್ಧದಲ್ಲಿ ಬಿಟ್ಟರೆ ಏನು ಗತಿ ಎಂದು ಒಬ್ಬ ಟ್ರಸ್ಟಿ ಕೇಳಿದಾಗ, "ಶೀ ಈಸ್ ಫ್ರಮ್ ಮೈ ಪ್ಲೇಸ್, ಐ ವಿಲ್ ವೌಚ್ ಫಾರ್ ಹರ್" ಎಂದು ಜಾಮೀನು ನಿಂತುಬಿಟ್ಟೆ. ಈ ಮಾತನ್ನು ಮರುದಿನ ಕಾಫಿ ಕುಡಿಯುವಾಗ ಸಂಜೀವಣ್ಣನಿಗೂ ಖುಷಿಯಿಂದ ಹೇಳಿದೆ. ಅವರ ಕಣ್ಣಲ್ಲಿ ನೀರು ಬಂತು. "ನೀವು ಇಷ್ಟು ಹೇಳಿದ ಮೇಲೆ ನಿಮ್ಮ ಹೆಸರು ಉಳಿಸೋದು ನಮ್ಮ ಜವಾಬ್ದಾರಿ ಟೀಚರ್," ಎಂದರು. ಅವತ್ತು ಅದು ಬರೀ ಮರ್ಯಾದೆಯ ಮಾತು ಎಂದುಕೊಂಡೆ.

ಮೂರು ತಿಂಗಳ ಟ್ರಯಲ್ಸ್, ಕೊನೆಯಲ್ಲಿ ಛೇರ್ಮನ್ ಮುಂದೆ ಒಂದು ಮ್ಯಾಚ್. ಅದರಲ್ಲಿ ಆಯ್ಕೆಯಾದರೆ ನಿಖಿತಾ ಒಂಬತ್ತನೆಯ ತರಗತಿಗೆ ನಮ್ಮ ಟ್ರಸ್ಟಿನ ಶಾಲೆಗೆ, ಹಾಸ್ಟೆಲಿಗೆ ಬರುತ್ತಿದ್ದಳು. ಒಂದೇ ಕೋಣೆಯಲ್ಲಿ ನಾಲ್ಕು ಜನ ಮಲಗುವ ಮನೆಯಿಂದ, ಟ್ಯಾಂಕರ್ ಬಂದರೆ ಮಾತ್ರ ನೀರು ಬರುವ ಬಿಲ್ಡಿಂಗಿನಿಂದ ಹೊರಗೆ ಬರುವ ದಾರಿ ಅದು. ಆ ಮನೆಯವರಿಗೆ ಬೇರೆ ದಾರಿ ಕಾಣುತ್ತಿರಲಿಲ್ಲ.

ಪ್ರತಿ ಭಾನುವಾರ ಟ್ರಯಲ್ಸ್‌ಗೆಂದು ನಿಖಿತಾ ಮತ್ತು ನಾನು ಥಾಣೆಯಿಂದ ಒಟ್ಟಿಗೆ ಟ್ರಾನ್ಸ್-ಹಾರ್ಬರ್ ರೈಲು ಹತ್ತುತ್ತಿದ್ದೆವು. ದಿವಾದಿಂದ ಥಾಣೆಗೆ ಬರಲು ಅವಳದ್ದೇ ಒಂದು ಉಪಾಯ. ಡೊಂಬಿವಲಿಯಿಂದ ತುಂಬಿ ಬರುವ ಲೋಕಲ್‌ನ ಬಾಗಿಲಲ್ಲಿ ದಿವಾದವರಿಗೆ ಕಾಲಿಡಲು ಜಾಗವಿರುವುದಿಲ್ಲ. ಆದ್ದರಿಂದ ಅವಳು ಉಲ್ಟಾ ಕಲ್ಯಾಣಕ್ಕೆ ಹೋಗಿ, ಅಲ್ಲಿಂದ ಸೀಟು ಹಿಡಿದು ಬರುತ್ತಿದ್ದಳು. ಭಾನುವಾರವೂ ಯಾಕೆ, ಅಂದು ಅಷ್ಟು ರಶ್ ಇಲ್ಲವಲ್ಲ ಎಂದು ಕೇಳಿದೆ.

"ಐಸೇ ಹೀ, ಮಿಸ್. ಬೈಠ್ನೇ ಕೋ ಮಿಲ್ತಾ ಹೈ."

ಹದಿಮೂರು ವರ್ಷದ, ನಿಂತಲ್ಲಿ ನಿಲ್ಲಲಾರದ ಹುಡುಗಿಗೆ ಕೂರುವ ಆಸೆ ಯಾಕೆ? ಕೇಳಬೇಕೆನಿಸಿತು. ಅಷ್ಟರಲ್ಲಿ ರೈಲು ಬಂತು. ಆದರೆ ಆ ಪ್ರಶ್ನೆ ಇಡೀ ವಾರ ನನ್ನ ತಲೆಯಲ್ಲಿ ಓಡಾಡುತ್ತಿತ್ತು.

ಮುಂದಿನ ಭಾನುವಾರ ಬೇಕೆಂದೇ ಬೇಗ ಬಂದು ಥಾಣೆಯ ಬ್ರಿಡ್ಜಿನ ಕೆಳಗೆ ನಿಂತೆ. ಮೆಟ್ಟಿಲ ಮೇಲಿಂದ ನಿಖಿತಾ ಇಳಿಯುತ್ತಿದ್ದಳು. ಎಡಗಾಲು ಇಡುವುದು, ಬಲಗಾಲನ್ನು ಅದೇ ಮೆಟ್ಟಿಲಿಗೆ ತರುವುದು, ಮತ್ತೆ ಎಡಗಾಲು. ಕೈ ರೇಲಿಂಗಿನ ಮೇಲೆ. ನನ್ನನ್ನು ಕಂಡದ್ದೇ ತಡ, ಕೊನೆಯ ನಾಲ್ಕು ಮೆಟ್ಟಿಲನ್ನು ಓಡಿ ಇಳಿದಳು. ನಗುತ್ತಿದ್ದಳು. ತುಟಿ ಮಾತ್ರ ಬೆಳ್ಳಗಾಗಿತ್ತು.

"ನೋವಿದೆಯಾ?"

"ನಹೀ ಮಿಸ್. ಏಕ್‌ದಮ್ ಫಿಟ್."

ಗ್ರೌಂಡಿನಲ್ಲಿ ಅವತ್ತು ಅವಳು ಎರಡು ಗೋಲು ಹೊಡೆದಳು. ಕದಮ್ ಸರ್ ಕುಣಿದರು. ಅವಳ ಎಡಗಾಲಿನ ಸಾಕ್ಸ್ ಮೊಣಕಾಲಿನ ಮೇಲಕ್ಕೆ ಎಳೆದಿತ್ತು, ಬಲಗಾಲಿನದು ಕೆಳಗೆ ಜಾರಿತ್ತು. ನನಗೆ ಕುರ್ಚಿಯಲ್ಲಿ ಕೂರಲಾಗಲಿಲ್ಲ. ಟಚ್‌ಲೈನಿನ ಉದ್ದಕ್ಕೂ ಹೋಗುವುದು, ಬರುವುದು. "ಮ್ಯಾಡಮ್, ಮ್ಯಾಚ್ ಅವಳದ್ದಾ, ನಿಮ್ಮದಾ?" ಎಂದು ಕದಮ್ ಸರ್ ಹಿಂದಿಯಲ್ಲಿ ಛೇಡಿಸಿದರು.

ಸಂಜೆ ಅವಳ ಜೊತೆಯಲ್ಲೇ, ಹೇಳದೆ ಕೇಳದೆ, ದಿವಾದ ಮನೆಗೆ ಹೋದೆ. ತಾಯಿ ಸುಮತಿ ಬಾಗಿಲು ತೆಗೆದು ಗಾಬರಿಯಾದಳು. ಒಳಗೆ ಹಾಲಿನ ಕ್ಯಾನಿನಲ್ಲಿ ಐಸ್ ಇತ್ತು. ಸಂಜೀವಣ್ಣ ಹೋಟೆಲಿನ ಜ್ಯೂಸ್ ಕೌಂಟರಿನಿಂದ ದಿನಾ ತರುತ್ತಿದ್ದ ಐಸ್. ನಾನು ನೆಲದ ಮೇಲೆ ಕೂತು, "ಸಾಕ್ಸ್ ಕೆಳಗೆ ಮಾಡು" ಎಂದೆ. ಮೊಣಕಾಲಿನ ಚಿಪ್ಪಿನ ಸ್ವಲ್ಪ ಕೆಳಗೆ ನೆಲ್ಲಿಕಾಯಿಯಷ್ಟು ಊತ. ಬೆರಳು ತಾಗಿಸಿದೆ ಅಷ್ಟೆ, ಹುಡುಗಿ ಹಲ್ಲು ಕಚ್ಚಿದಳು.

ಸುಮತಿ ಮಗಳಿಗೆ ತುಳುವಿನಲ್ಲಿ ಏನೋ ಗದರಿ, ನನ್ನ ಕಡೆ ತಿರುಗಿದಳು. "ಎರಡು ತಿಂಗಳಿಂದ ಉಂಟು ಟೀಚರ್. ಇವರೇ ಹೇಳ್ಬೇಡ ಅಂದದ್ದು. ಟೀಚರ್ ದೊಡ್ಡವರೆದುರು ಮಾತು ಕೊಟ್ಟಿದ್ದಾರೆ, ಅವರೆದುರು ಕುಂಟಬೇಡ, ಅವರ ಹೆಸರು ಹೋಗ್ತದೆ ಅಂತ. ಬೆಳಿಗ್ಗೆ ಐಸ್ ಇಟ್ಟು ಕಳಿಸ್ತೇನೆ, ಅಷ್ಟೊತ್ತು ಊತ ಕಾಣೋದಿಲ್ಲ. ರೈಲಲ್ಲಿ ಕೂತ್ಕೊಂಡೇ ಹೋಗು ಅಂತ ಹೇಳಿದ್ದೇನೆ."

ಶಾಲೆಯ ಸೀಟು ತಪ್ಪೀತೆಂಬ ಹೆದರಿಕೆ ಅವರಿಗೆ ಇರಲಿಲ್ಲವೆಂದಲ್ಲ. ಆದರೆ ಅದಕ್ಕಿಂತ ಮೇಲೆ ಇದ್ದದ್ದು ಊರಿನ ಟೀಚರಮ್ಮನ ಮರ್ಯಾದೆ. ಬೇರೆ ಯಾವ ಕೋಚ್ ಆಗಿದ್ದರೂ ಈ ಮನೆಯವರು ಎರಡೇ ದಿನಕ್ಕೆ ನೋವು ಹೇಳಿಬಿಡುತ್ತಿದ್ದರು. ನಾನಾದದ್ದರಿಂದ ಹೇಳಲಿಲ್ಲ.

ಮರುದಿನ ವಾಶಿಯಲ್ಲಿ ಮೂಳೆ ಡಾಕ್ಟರಿಗೆ ತೋರಿಸಿದೆ. ಎಕ್ಸ್-ರೇ ಆಯಿತು. ಆಸ್‌ಗುಡ್-ಶ್ಲಾಟರ್ ಎಂದರು. ಜೊತೆಗೆ ಬಂದಿದ್ದ ಸಂಜೀವಣ್ಣ, "ಹಾಗಂದ್ರೆ ಎಂಥದು?" ಎಂದರು. ಡಾಕ್ಟರು ಸಮಾಧಾನವಾಗಿ ವಿವರಿಸಿದರು. ಮಕ್ಕಳು ಸರ್ರನೆ ಎತ್ತರ ಬೆಳೆಯುವ ವಯಸ್ಸಿನಲ್ಲಿ ತೊಡೆಯ ಸ್ನಾಯುವಿನ ಎಳೆತ ಮೊಣಕಾಲಿನ ಕೆಳಗಿನ ಎಳೆಯ ಮೂಳೆಯ ಮೇಲೆ ಬೀಳುತ್ತದೆ. ಓಟ, ಜಿಗಿತ, ಒದೆತ ಹೆಚ್ಚಾದರೆ ಅಲ್ಲಿ ಊತ, ನೋವು. ಆಟ ತಗ್ಗಿಸಿ, ಹೇಳಿದ ವ್ಯಾಯಾಮ ಮಾಡಿದರೆ ಬೆಳವಣಿಗೆ ನಿಂತಂತೆ ಸಾಮಾನ್ಯವಾಗಿ ತಾನೇ ಹೋಗುತ್ತದೆ. "ಆದರೆ ನೋವು ಮುಚ್ಚಿಟ್ಟು ಈಗಿನ ಹಾಗೇ ಆಡಿಸಿದರೆ ಆ ತುಣುಕು ಕಿತ್ತು ಬರುವ ಸಂಭವವೂ ಇದೆ. ಆಮೇಲೆ ಆಪರೇಶನ್. ಕೆಲವು ತಿಂಗಳು ರೆಸ್ಟ್ ಕೊಡಿ ಮೇಡಂ, ಶೀ ಈಸ್ ಓನ್ಲಿ ಗ್ರೋಯಿಂಗ್."

ಕೊನೆಯ ಮ್ಯಾಚಿಗೆ ಆರೇ ದಿನ ಉಳಿದಿತ್ತು.

ಕದಮ್ ಸರ್ ಕೆಟ್ಟವರಲ್ಲ. ಅವರ ಹಿಂದಿಯ ಮಾತನ್ನು ಕನ್ನಡದಲ್ಲಿ ಬರೆದರೆ ಹೀಗೆ: "ಒಂದು ಪೇನ್‌ಕಿಲ್ಲರ್, ಒಂದು ಬ್ಯಾಂಡೇಜು. ಇಪ್ಪತ್ತು ನಿಮಿಷ ಆಡಿಸಿ ತೋರಿಸಿಬಿಡೋಣ. ಸೀಟು ಕೈಗೆ ಬಂದ ಮೇಲೆ ವರ್ಷವಿಡೀ ರೆಸ್ಟ್ ಕೊಡಿ. ಎಲ್ಲ ಕಡೆ ಹೀಗೇ ನಡೆಯೋದು, ಮ್ಯಾಡಮ್." ಸಂಜೀವಣ್ಣ ಅದನ್ನೇ ಕೈಮುಗಿದು ಕೇಳಿದರು. "ಇಪ್ಪತ್ತೇ ನಿಮಿಷ, ಟೀಚರ್."

ಅವರ ಮಾತಿನಲ್ಲಿ ಲೆಕ್ಕ ಸರಿಯಾಗಿಯೇ ಇತ್ತು. ಆದರೆ ಇಪ್ಪತ್ತು ನಿಮಿಷ ಮಾತ್ರ ಮೆಲ್ಲಗೆ ಆಡು ಎಂದರೆ ಕೇಳುವ ಹುಡುಗಿಯಾ ಅದು? ಛೇರ್ಮನ್ ನೋಡುತ್ತಿದ್ದರೆ ಅವಳು ಮೊಣಕಾಲನ್ನು ಅಲ್ಲೇ ಬಿಟ್ಟು ಬರುವವಳು. ಆಟಗಾರರು ಫಿಟ್ ಎಂದು ಸಹಿ ಹಾಕಬೇಕಾದವಳು ನಾನು. ಅವಳ ಹೆಸರಿನ ಮುಂದೆ ಹಾಕಲಿಲ್ಲ.

ಛೇರ್ಮನ್‌ರ ಕೋಣೆಗೆ ಹೋಗಿ, ಆಡಿಸದೆಯೇ ಸೀಟು ಕೊಡಿ, ಒಂದು ವರ್ಷ ಕಾಯೋಣ ಎಂದೆ.

"ಮೇಡಂ, ನಾವು ಟೀಮ್ ಮಾಡುತ್ತಿದ್ದೇವೋ, ನರ್ಸಿಂಗ್ ಹೋಮ್ ಮಾಡುತ್ತಿದ್ದೇವೋ?"

"ಸರ್, ನೀವೇ ಹೇಳಿದ್ದು, ಕ್ಯಾಚ್ ದೆಮ್ ಯಂಗ್ ಅಂತ. ಇಷ್ಟು ಚಿಕ್ಕವರನ್ನು ಹಿಡಿದರೆ ಅವರು ಬೆಳೆಯುವುದನ್ನೂ ನಾವೇ ನೋಡಿಕೊಳ್ಳಬೇಕಾಗುತ್ತದೆ."

ಅವರು ಕನ್ನಡಕ ತೆಗೆದು ಒರೆಸಿದರು. "ನೆಕ್ಸ್ಟ್ ಗರ್ಲ್ ಯಾರು?" ಎಂದರು.

ಸೀಟು ಐರೋಲಿಯ ಬೇರೊಬ್ಬ ಹುಡುಗಿಗೆ ಹೋಯಿತು. ಸುದ್ದಿ ಹೇಳಲು ದಿವಾಕ್ಕೆ ಹೋದಾಗ ಸಂಜೀವಣ್ಣ ಗೋಡೆ ನೋಡುತ್ತಾ, "ನೀವೇ ಕರ್ಕೊಂಡು ಹೋದ್ರಿ, ನೀವೇ ಬಿಟ್ರಿ," ಎಂದರು. ನಿಖಿತಾ ಅಳಲಿಲ್ಲ. "ಆಪ್‌ನೇ ಕ್ಯೂಂ ಬತಾಯಾ, ಮಿಸ್?" ಎಂದು ಮಾತ್ರ ಕೇಳಿದಳು. ಯಾಕೆ ಹೇಳಿಬಿಟ್ಟಿರಿ? ಮೊಣಕಾಲು ನಿನ್ನದು, ಕಾಲೇಜಿನದಲ್ಲ ಎಂದೆ. ಅವಳಿಗೆ ಅದು ಉತ್ತರವೆನಿಸಲಿಲ್ಲ. ಹದಿಮೂರರಲ್ಲಿ ನನಗೂ ಅನಿಸುತ್ತಿರಲಿಲ್ಲ.

ಹೋಟೆಲಿನಲ್ಲಿ ಕಾಫಿ ಸಿಗುತ್ತಿತ್ತು, ಚಿಲ್ಲರೆಯೂ ಸಿಗುತ್ತಿತ್ತು. ಮಾತು ಸಿಗುತ್ತಿರಲಿಲ್ಲ. ಸುಮತಿ ಮಾತ್ರ ಆಗಾಗ ಫೋನ್ ಮಾಡುತ್ತಿದ್ದಳು. ವ್ಯಾಯಾಮ ನಡೆಯುತ್ತಿದೆ, ಊತ ಇಳಿದಿದೆ, ಹುಡುಗಿ ಸಿಡಿಮಿಡಿ ಮಾಡುತ್ತಾಳೆ, ಶಾಲೆಯ ಗೋಡೆಗೆ ಚೆಂಡು ಒದ್ದು ಬೈಸಿಕೊಂಡಳು. ಆ ಕೊನೆಯ ಸುದ್ದಿ ಕೇಳಿ ನನಗೆ ಸಮಾಧಾನವಾಯಿತು. ಆದರೂ ಥಾಣೆಯ ಬ್ರಿಡ್ಜ್ ಇಳಿಯುವಾಗ ಮುಂದೆ ಹೋಗುವ ಪ್ರತಿ ಹುಡುಗಿಯ ಕಾಲನ್ನು ನೋಡುವ ಚಟ ನನ್ನನ್ನು ಬಿಡಲಿಲ್ಲ. ನಾನು ತಡೆದದ್ದು ಸರಿಯೋ, ಒಂದು ಮನೆಯ ಏಕೈಕ ದಾರಿಗೆ ಅಡ್ಡ ನಿಂತೆನೋ? ಎರಡು ವರ್ಷ ಈ ಪ್ರಶ್ನೆ ನನ್ನ ಜೊತೆ ರೈಲಿನಲ್ಲಿ ಓಡಾಡಿತು.

2010ರ ಜುಲೈಯಲ್ಲಿ ಹನ್ನೊಂದನೆಯ ತರಗತಿಯವರಿಗೆ ಓಪನ್ ಟ್ರಯಲ್ಸ್ ಇಟ್ಟಿದ್ದೆವು. ಗ್ರೌಂಡ್ ಕೆಸರು. ಸಾಲಿನಲ್ಲಿ ಒಬ್ಬಳು ನನಗಿಂತ ಎತ್ತರದ ಹುಡುಗಿ ನಿಂತಿದ್ದಳು. ಗುರುತು ಹತ್ತಲು ಸ್ವಲ್ಪ ಹೊತ್ತು ಬೇಕಾಯಿತು. ಹತ್ತನೆಯದನ್ನು ದಿವಾದಲ್ಲೇ ಮುಗಿಸಿ, ಸಾಧಾರಣ ಅಡ್ಮಿಶನ್ನಿನಲ್ಲೇ ನಮ್ಮ ಕಾಲೇಜಿಗೆ ಬಂದಿದ್ದಳು. ಯಾರ ಶಿಫಾರಸೂ ಇರಲಿಲ್ಲ. ಬೇಲಿಯ ಆಚೆ, ಛತ್ರಿಯ ಕೆಳಗೆ, ಸಂಜೀವಣ್ಣ ಬೇರೆ ಕಡೆ ನೋಡುತ್ತಾ ನಿಂತಿದ್ದರು.

ನಾನು ಎಲ್ಲರನ್ನೂ ಕೇಳುತ್ತಾ ಬಂದೆ, ಅವಳನ್ನೂ ಕೇಳಿದೆ. "ಎಲ್ಲಾದರೂ ನೋವಿದೆಯಾ?"

ಅವಳು ಬೇಲಿಯ ಕಡೆಗೊಮ್ಮೆ ನೋಡಿದಳು. ಆಮೇಲೆ, ನನ್ನ ಹತ್ತಿರ ಎಂದೂ ಆಡದಿದ್ದ ಕನ್ನಡದಲ್ಲಿ, "ಉಂಟು ಮಿಸ್," ಎಂದಳು. "ಎಡಗಾಲಿನ ಹೆಬ್ಬೆರಳು. ಹೊಸ ಸ್ಟಡ್ ಶೂ ಕಚ್ತದೆ. ಮೊಣಕಾಲು ಓಕೆ. ಇವತ್ತು ಅರ್ಧ ಮ್ಯಾಚ್ ಆಡ್ತೇನೆ, ಫುಲ್ ಬೇಡ. ಚಲೇಗಾ?"

ಕದಮ್ ಸರ್ ನನ್ನ ಮುಖ ನೋಡಿದರು. "ಚಲೇಗಾ," ಎಂದೆ. ಪಟ್ಟಿಯಲ್ಲಿ ಅವಳ ಹೆಸರಿನ ಮುಂದೆ ಸಹಿ ಹಾಕಿದೆ.

ನಿವೃತ್ತಿಯವರೆಗೆ ಎಷ್ಟೋ ಮಕ್ಕಳ ಆಟ ನೋಡಿದೆ. ವೇಗ, ಎತ್ತರ, ಒದೆತದ ಬಲ ಎಲ್ಲವನ್ನೂ ಒಂದು ಬೆಳಿಗ್ಗೆ ಅಳೆದುಬಿಡಬಹುದು. ಆಡುತ್ತೀಯಾ ಎಂದು ಕೇಳಿದರೆ ಮಕ್ಕಳು ಹೂಂ ಎನ್ನದೆ ಬೇರೇನೂ ಹೇಳುವುದಿಲ್ಲ, ನಮ್ಮ ಮೇಲೆ ಪ್ರೀತಿ ಇದ್ದರಂತೂ ಖಂಡಿತ ಇಲ್ಲ. ನಮ್ಮೆದುರು 'ನೋವಿದೆ' ಎನ್ನುವ ಧೈರ್ಯ ಆ ಮಗುವಿಗೆ ಬರುವ ತನಕ ನಾವು ಅವಳನ್ನು ಆರಿಸಿಕೊಂಡಂತೆ ಆಗುವುದಿಲ್ಲ, ಬರೀ ಹಿಡಿದುಕೊಂಡಂತೆ. ಇದನ್ನು ಕಲಿಯಲು ನನಗೆ ಬಹುಪಾಲು ಸರ್ವಿಸೇ ಹಿಡಿಯಿತು.