ಸುಣ್ಣದ ಭಟ್ಟಿಯ ಗಾಳಿ

ಮುದ್ದೇಬಿಹಾಳದ ದಾರಿಯಲ್ಲಿ, ಊರಿನಿಂದ ಸ್ವಲ್ಪ ಹೊರಗೆ, ನನ್ನ ಸೋದರಮಾವನದೊಂದು ಸುಣ್ಣದ ಭಟ್ಟಿ ಇತ್ತು. ಮ್ಯಾಟ್ರಿಕ್ ಪಾಸಾಗಿ ಕೆಲಸವಿಲ್ಲದೆ ತಿರುಗುತ್ತಿದ್ದ ನನ್ನನ್ನು ಮಾವ ಅದರ ಮೇಲ್ವಿಚಾರಣೆಗೆ ಕೂರಿಸಿದ. ಐವತ್ತರ ದಶಕ ಮುಗಿಯುತ್ತ ಬಂದಿತ್ತು. ಎಲ್ಲೆಲ್ಲೂ ಶಾಲೆ, ಬಾವಿ, ಚಾವಡಿ ಕಟ್ಟುತ್ತಿದ್ದರು. ಸಿಮೆಂಟು ಸುಲಭಕ್ಕೆ ಸಿಗುತ್ತಿರಲಿಲ್ಲ. ಸಿಂದಗಿ, ಬಾಗೇವಾಡಿ ಕಡೆಯಿಂದಲೂ ಚಕ್ಕಡಿಗಳು ಬಂದು ಸುಣ್ಣ ಒಯ್ಯುತ್ತಿದ್ದವು.

ದಿನ್ನೆಯನ್ನು ಕಡಿದು ಭಟ್ಟಿ ಕಟ್ಟಿದ್ದರು. ಮೇಲಿನಿಂದ ಒಂದು ಪದರ ಜಾಲಿಕಟ್ಟಿಗೆ, ಒಂದು ಪದರ ಸುಣ್ಣದ ಕಲ್ಲು ತುಂಬಿ ಬೆಂಕಿ ಕೊಡುವುದು. ಕೆಳಗೆ ಭಟ್ಟಿಯ ಬಾಯಿ. ಅದರ ಮುಂದೆ, ಬೆಂದ ಸುಣ್ಣ ಎಳೆದು ಹಾಕಲು ಆಳೆತ್ತರದ ತಗ್ಗು. ಉರಿ ಮುಗಿಯುತ್ತ ಬಂದಾಗ ಕಾವು ಒಳಗೇ ಉಳಿಯಲೆಂದು ಮೇಲ್ಭಾಗವನ್ನು ಹಸಿಮಣ್ಣಿನಿಂದ ಮೆತ್ತಿಬಿಡುತ್ತಿದ್ದೆವು. ಆಮೇಲೆ ಒಳಗಿನ ಉಸಿರೆಲ್ಲ ಕೆಳಗಿನ ಬಾಯಿಂದಲೇ ಹೊರಗೆ ಬರಬೇಕು. ಕಂದೀಲು ಹಿಡಿದು ಆ ತಗ್ಗಿಗೆ ಇಳಿದರೆ ಎಷ್ಟೋ ಸಲ ಅದು ತಾನೇ ಆರುತ್ತಿತ್ತು. ಎಣ್ಣೆ ತೀರಿತೆಂದು ಮೇಲೆ ಬಂದು ಅಲ್ಲಾಡಿಸಿ ನೋಡಿದರೆ ಎಣ್ಣೆ ಇರುತ್ತಿತ್ತು. ಮತ್ತೆ ಹಚ್ಚಿಕೊಳ್ಳುತ್ತಿದ್ದೆ, ಅಷ್ಟೆ.

ಆ ವರ್ಷ ಪುಷ್ಯಮಾಸದಲ್ಲಿ ಅಗರಖೇಡದ ಕಡೆಯ ಕುರುಬನೊಬ್ಬ ಹಿಂಡು ಹೊಡೆದುಕೊಂಡು ಬಂದಿದ್ದ. ಭಟ್ಟಿಯ ಪಕ್ಕದ ನಮ್ಮ ಹೊಲದಲ್ಲಿ ಗೊಬ್ಬರಕ್ಕಾಗಿ ಮಾವ ಅವನ ಕುರಿ ತರುಬಿಸಿದ್ದ. ಸಂಜೆಗೆ ಬಲೆಯೊಳಗೆ ಕುರಿ ಕೂಡಿಹಾಕಿ ಅವನು ಹೊಲದಲ್ಲೇ ಮಲಗಬೇಕು. ಹೆಂಡತಿ ಹಳ್ಳದ ದಂಡೆಯ ಬಿಡಾರದಿಂದ ಬುತ್ತಿ ತಂದುಕೊಟ್ಟು ಹೋಗುತ್ತಿದ್ದಳು.

ಆಗಿನ ಚಳಿಯನ್ನು ಈಗಿನವರಿಗೆ ಹೇಳಿ ತಿಳಿಸುವುದು ಕಷ್ಟ. ಮುಂಜಾನೆ ಕಡಲೆಹೊಲ ದಾಟಿದರೆ ಧೋತರ ಮೊಣಕಾಲಿನವರೆಗೆ ತೊಯ್ಯುತ್ತಿತ್ತು. ಹೆಂಗಸರು ರಾತ್ರಿ ಕಡಲೆಗಿಡದ ಮೇಲೆ ಬಿಳಿ ಅರಿವೆ ಹಾಸಿಟ್ಟು, ಬೆಳಗ್ಗೆ ಇಬ್ಬನಿ ಹಿಂಡಿ ಹುಳಿ ತೆಗೆಯುತ್ತಿದ್ದರು. ಹೊಟ್ಟೆನೋವಿಗೆ ಅದೇ ಔಷಧ.

ಆ ದಿನ ಭಟ್ಟಿಯ ಮೇಲ್ಭಾಗ ಮೆತ್ತಿ ಮುಗಿಸಿದ್ದೆವು. ಸಂಜೆ ಗಾಳಿ ಪೂರಾ ನಿಂತು ಚಳಿ ಕೆಳಗಿಳಿದಿತ್ತು. ಎರಡು ಕುರಿ ಈದಿದ್ದವು. ಕುರುಬ ತನ್ನ ಕಂಬಳಿಯನ್ನು ಮರಿಗಳಿಗೆ ಹೊದಿಸಿ, ಬುತ್ತಿ ಬಿಚ್ಚಿಕೊಂಡು ನನ್ನ ಹತ್ತಿರ ಕೂತ. ಜೋಳದ ರೊಟ್ಟಿ, ಹೊಲದಲ್ಲೇ ಹರಿದ ಎಳೆ ಕಡಲೆಸೊಪ್ಪಿನ ಪಲ್ಯ.

"ತಗೋ ಮಾಸ್ತರ, ಒಂದು ರೊಟ್ಟಿ ತಿನ್ನು," ಎಂದ. ಸಾಲಿ ಕಲಿತವನೆಂದು ನನ್ನನ್ನು ಹಾಗೇ ಛೇಡಿಸುತ್ತಿದ್ದ.

ತಿಂದೆ. ಪಲ್ಯ ಹುಳಿಯಾಗಿ ರುಚಿಯಾಗಿತ್ತು.

"ನಿಮ್ಮ ಭಟ್ಟಿ ಬರೇ ಕಲ್ಲಿಗಷ್ಟ ಬೆಚ್ಚಗ ಮಾಡ್ತೈತೋ, ಮನಷಾರಿಗೂ ಏನರ ಉಪಯೋಗ ಐತೋ?"

"ಕೆಳಗ ಬಾಯಿ ಮುಂದ ಮಲಕೋ ಕಾಕಾ. ಅಲ್ಲಿ ಚಳಿ ಹತ್ತಂಗಿಲ್ಲ."

"ಬೆಂದುಗಿಂದೇನಂದ್ರ?"

"ಬೇಯಾಕ ನೀ ಏನ್ ಸುಣ್ಣದ ಕಲ್ಲೇನು?"

"ನಮ್ಮಾಕಿ ಅಂತಾಳಲ್ಲ, ಕಲ್ಲಿಗಿಂತ ಕಡಿ ಅದೀ ಅಂತ," ಎಂದು ನಗುತ್ತ ತಗ್ಗಿಗೆ ಇಳಿದ. ನಾನು ಮನೆಗೆ ಹೋದೆ.

ಬೆಳಗ್ಗೆ ಅವನು ಭಟ್ಟಿಯ ಕಡೆಗೆ ಮುಖಮಾಡಿ, ಕೈ ತಲೆಗಿಟ್ಟು ಮಲಗಿದ್ದ. ಗಾಯವಿಲ್ಲ, ನೊರೆಯಿಲ್ಲ. ಕೂಲಿಯವರು ಇಳಿದು ಮೇಲೆ ತಂದರು. ತಂದವರಿಗೂ ತಲೆ ತಿರುಗಿತು. ದಿನ್ನೆಯ ಮೇಲೆ ಕಂಬಳಿಯೊಳಗಿನ ಮರಿಗಳು ಒದರುತ್ತಿದ್ದವು.

ಎಲ್ಲರೂ ಹೆಣದ ಸುತ್ತ ಇದ್ದಾಗ ನಾನೊಬ್ಬನೇ ತಗ್ಗಿನ ಅಂಚಿಗೆ ಹೋದೆ. ಒಂದು ಹಿಡಿ ಒಣ ಜೋಳದ ಕಣಿಕಿಗೆ ಬೆಂಕಿ ಹಚ್ಚಿ, ಬಾಗಿ ಕೆಳಗೆ ಹಿಡಿದೆ. ತಗ್ಗಿನ ಅರ್ಧಕ್ಕೆ ಇಳಿಯುತ್ತಲೇ ಜ್ವಾಲೆ, ಯಾರೋ ಚಿವುಟಿದ ಹಾಗೆ ಆರಿತು. ಮತ್ತೆ ಹಚ್ಚಿದೆ. ಅಲ್ಲಿಯೇ ಆರಿತು. ಹೈಸ್ಕೂಲಿನಲ್ಲಿ ನಮ್ಮ ವಿಜ್ಞಾನದ ಮಾಸ್ತರರು ಗಾಜಿನ ಪಾತ್ರೆಯೊಳಗಿನ ಮೇಣಬತ್ತಿಯ ಮೇಲೆ, ಖಾಲಿಯಂತೆ ಕಾಣುವ ಇನ್ನೊಂದು ಪಾತ್ರೆಯನ್ನು ಬಗ್ಗಿಸಿ ಅದನ್ನು ಆರಿಸಿ ತೋರಿಸಿದ್ದರು. ಸುಣ್ಣದ ಕಲ್ಲು ಸುಟ್ಟರೆ ಇಂಗಾಲಾಮ್ಲ ಬರುತ್ತದೆ, ಅದು ಗಾಳಿಗಿಂತ ಭಾರ, ನೀರಿನ ಹಾಗೆ ತಗ್ಗಿಗೆ ಇಳಿಯುತ್ತದೆ ಎಂದು ನಾನು ಪರೀಕ್ಷೆಯಲ್ಲಿ ಬರೆದು ಅಂಕ ತೆಗೆದುಕೊಂಡಿದ್ದೆ.

ತಿರುಗಿ ನೋಡಿದರೆ ಹಿಂದೆ ಮಾವ ನಿಂತಿದ್ದ. ಅವನಿಗೆ ಎಲ್ಲ ಹೇಳಿದೆ.

"ಕಣ್ಣಿಗೆ ಕಾಣ್ತದೇನು ಅದು?" ಎಂದ.

"ಇಲ್ಲ ಮಾಮಾ."

"ಕಾಣಲಾರದ್ದಕ್ಕ ನೀ ಸಾಕ್ಷಿ ಹೇಳಾಕ ಹೋಗಬ್ಯಾಡ. ಭಟ್ಟಿ ಮನಷಾರನ್ನ ತಿಂತೈತಿ ಅಂತ ಸುದ್ದಿ ಆದ್ರ ನಾಳೆ ಒಬ್ಬ ಕೂಲಿ ಬರಂಗಿಲ್ಲ."

ಮಧ್ಯಾಹ್ನ ಗೌಡರು ಪಂಚರನ್ನು ಕರೆದುಕೊಂಡು ಬಂದರು. ರಾತ್ರಿ ಏನು ಉಂಡಿದ್ದ ಎಂಬುದೇ ಮೊದಲ ಪ್ರಶ್ನೆ. ಬುತ್ತಿಯ ಅರಿವೆಯಲ್ಲಿ ಪಲ್ಯ ಇನ್ನೂ ಮೆತ್ತಿಕೊಂಡಿತ್ತು. ಯಾರೋ ಮೂಸಿ ನೋಡಿ, "ಕಡ್ಲಿ ಜೋಡಿ ಮತ್ತೊಂದು ಎಲಿ ಕೂಡೈತ್ರಿ," ಎಂದ. ಹೆಂಡತಿ ಮಗುವನ್ನು ಸೊಂಟದ ಮೇಲಿಟ್ಟುಕೊಂಡು ದೂರ ನಿಂತಿದ್ದಳು.

ಗೌಡರು ನನ್ನ ಕಡೆ ತಿರುಗಿದರು. "ಸಾಲಿ ಕಲ್ತಾಂವ, ನೀ ಹೇಳು. ಇವನ ಜೋಡಿ ಆ ಬುತ್ತಿ ಮತ್ಯಾರರ ಉಂಡಾರೇನು?"

ನಾನು ಉಂಡಿದ್ದೇನೆ ಎಂದಿದ್ದರೆ ಪಲ್ಯದ ಮೇಲಿನ ಮಾತು ಅಲ್ಲಿಗೇ ಮುಗಿಯುತ್ತಿತ್ತು. ಆಮೇಲೆ ಎಲ್ಲರೂ ಭಟ್ಟಿಯ ಕಡೆ ನೋಡುತ್ತಿದ್ದರು.

"ಇಲ್ರಿ," ಎಂದೆ.

ಅವಳ ಮೇಲೆ ಯಾರೂ ಖಟ್ಲೆ ಹಾಕಲಿಲ್ಲ. ತಿಳಿಯದೆ ಕೆಟ್ಟ ಎಲೆ ಹರಿದಳು ಎಂದು ಕೆಲವರು, ತಿಳಿದೇ ಹರಿದಳು ಎಂದು ಕೆಲವರು ಮಾತಾಡಿಕೊಂಡರು. ಮಾತು ಹಿಂಡಿನ ಜೊತೆಗೇ ಅವರ ಊರ ಕಡೆಯ ಇಂಡಿಯವರೆಗೆ ಹೋಯಿತು. ನಾವು ತಗ್ಗಿಗೆ ಮುಳ್ಳಿನ ಬೇಲಿ ಹಾಕಿ, ಭಟ್ಟಿ ಮತ್ತೆ ಹಚ್ಚಿದೆವು.

ಅರವತ್ತರ ದಶಕದ ನಡುವೆ ಒಮ್ಮೆ ಬಾಗೇವಾಡಿಯ ಸಂತೆಯಲ್ಲಿ ಅವಳು ಕಂಬಳಿ ಮಾರುತ್ತಿದ್ದಳು. ನಾನು ಗುರುತು ಹಿಡಿದು ಸರಿದು ಹೋಗುವಷ್ಟರಲ್ಲಿ ಅವಳೇ ಕರೆದಳು.

"ಭಟ್ಟಿ ಮಾಸ್ತರ ಅಲ್ಲೇನು ನೀ? ಒಂದು ಕೇಳ್ತೇನಿ ಹೇಳು. ನಾ ಸಣ್ಣಾಕಿ ಇದ್ದಾಗಿಂದ ಕಡ್ಲಿ ಎಲಿ ಹರದೇನಿ. ಆ ದಿನ ಗುರ್ತು ತಪ್ಪಿದ್ನೇನು ನಾ? ಎಲ್ಲಾರೂ ಅಂದು ಅಂದು ನನಗೂ ಹಂಗ ಅನಸಾಕತ್ತೈತಿ."

"ನನಗೇನು ಗೊತ್ತು ಅಕ್ಕಾ," ಎಂದೆ. ಬೇಡದ ಒಂದು ಕಂಬಳಿ ಕೊಂಡುಕೊಂಡು ಬಂದೆ. ಅದನ್ನು ಯಾವತ್ತೂ ಹೊದೆಯಲಾಗಲಿಲ್ಲ.

ಭಟ್ಟಿಗಳು ನಿಂತು ಎಷ್ಟೋ ಕಾಲವಾಯಿತು. ಈಗ ಮುದುಕನಾಗಿ ದಿನಾ ಪತ್ರಿಕೆ ಓದುತ್ತೇನೆ. ಭೂಮಿ ಬಿಸಿಯೇರುತ್ತಿದೆ ಎಂದು ಬರೆಯುತ್ತಾರೆ. ಕಲ್ಲಿದ್ದಲು, ಎಣ್ಣೆ, ಕಟ್ಟಿಗೆ ಸುಟ್ಟ ಗಾಳಿ. ಸಿಮೆಂಟಿಗಾಗಿ ಸುಣ್ಣದ ಕಲ್ಲು ಸುಟ್ಟ ಗಾಳಿ. ಪತ್ರಿಕೆಯಲ್ಲಿ ಅದರ ಹೆಸರು ಇಂಗಾಲದ ಡೈಆಕ್ಸೈಡ್, ನಾವು ಸಾಲಿಯಲ್ಲಿ ಇಂಗಾಲಾಮ್ಲ ಎಂದು ಕಲಿತದ್ದು. ಅದೇ ಗಾಳಿ. ಸ್ವಲ್ಪ ಗಿಡಮರ ಹೀರುತ್ತವೆ, ಸ್ವಲ್ಪ ಸಮುದ್ರ ಕುಡಿಯುತ್ತದೆ, ಉಳಿದದ್ದು ತಲೆಮಾರುಗಳ ಕಾಲ ಮೇಲೆಯೇ ಇದ್ದು ಬಿಸಿಲಿನ ಕಾವನ್ನು ಹಿಡಿದಿಡುತ್ತದೆಯಂತೆ. ನಮ್ಮಲ್ಲಿ ಪುಷ್ಯ ಬಂದರೂ ರಗ್ಗು ಬೇಕಾಗುವ ರಾತ್ರಿಗಳು ಕಡಿಮೆಯಾಗಿವೆ. ಹಾಸಿದ ಅರಿವೆ ಬೆಳಗ್ಗೆ ಒಣಗಿಯೇ ಇರುತ್ತದೆ. ಇಬ್ಬನಿ ಕುಡಿದು ತುಂಬುತ್ತಿದ್ದ ಬಿಳಿಜೋಳದ ತೆನೆ ಜೊಳ್ಳಾಗುತ್ತದೆ. ಇದಕ್ಕೆ ಯಾರು ಹೊಣೆ ಎಂದರೆ ಎಲ್ಲರೂ ಇನ್ನೊಬ್ಬರ ಕಡೆ ಕೈ ತೋರಿಸುತ್ತಾರೆ. ಆ ಮಾತುಗಳಲ್ಲಿ ನನಗೆ ಮಾವನ ದನಿ ಕೇಳಿಸುತ್ತದೆ. ನನ್ನ "ಇಲ್ರಿ"ಯೂ ಕೇಳಿಸುತ್ತದೆ.

ಹೋದ ಬೇಸಿಗೆಯಲ್ಲಿ ಅಗರಖೇಡಕ್ಕೆ ಹೋದೆ. ಅವಳು ತೀರಿಕೊಂಡಿದ್ದಳು. ಅಂದು ಸೊಂಟದ ಮೇಲಿದ್ದ ಮಗಳು ಈಗ ಮೊಮ್ಮಕ್ಕಳನ್ನು ಕಂಡ ಮುದುಕಿ. ತಗಡಿನ ಪತ್ರಾಸು ಹೊದಿಸಿದ ಚಪ್ಪರದ ಕೆಳಗೆ ಕೂತು ಎಲ್ಲ ಹೇಳಿದೆ: ತಗ್ಗು, ಆರಿದ ಕಣಿಕಿ, ನಾನೂ ಉಂಡ ರೊಟ್ಟಿ, ಗೌಡರಿಗೆ ಹೇಳಿದ ಮಾತು. ಅವಳು ಬೈಯಲಿಲ್ಲ. ಬೈದಿದ್ದರೆ ಒಳ್ಳೆಯದಿತ್ತು.

"ನಮ್ಮವ್ವ ಸಾಯೂತನಕ ಎಲಿಪಲ್ಯ ಮಾಡ್ಲಿಲ್ರಿ," ಎಂದಳು. "ಬ್ಯಾರೆ ಏನ್ ಮಾಡಿದ್ರೂ ಮೊದಲ ತಾ ಉಂಡು, ಒಂದು ತಾಸು ಕುಂತು, ಆಮ್ಯಾಲ ನಮಗ ನೀಡ್ತಿದ್ಲು."

ಪತ್ರಾಸು ಕಾದು ಟಣ್ ಟಣ್ ಅನ್ನುತ್ತಿತ್ತು. ಅವಳೇ ಮತ್ತೆ ಕೇಳಿದಳು:

"ಅಲ್ರಿ, ನಮ್ಮಪ್ಪನ್ನ ಕೊಂದ ಆ ಗಾಳಿ, ಆಮ್ಯಾಲ ಎಲ್ಲಿಗೆ ಹೋತ್ರಿ?"

"ಎಲ್ಲೂ ಹೋಗಿಲ್ಲವ್ವಾ," ಎಂದೆ. "ಮ್ಯಾಲ ಐತಿ."

ಅವಳು ಚಪ್ಪರದ ಅಂಚಿನಾಚೆ ಆಕಾಶದ ಕಡೆ ನೋಡಿದಳು. ಆಮೇಲೆ ಬಿಸಿಲಿನಲ್ಲಿ ಆಡುತ್ತಿದ್ದ ಮೊಮ್ಮಕ್ಕಳನ್ನು ಕರೆದು, ಒಬ್ಬೊಬ್ಬರನ್ನೇ ಒಳಗೆ ಕಳಿಸಿ ಬಾಗಿಲು ಮುಂದೆ ಮಾಡಿದಳು.