ಷರಾ ಮತ್ತು ಪಾಸ್‌ವರ್ಡ್

ನಮ್ಮ ವಂಶದಲ್ಲಿ ಪದವಿ ಪಡೆದ ಮೊದಲನೆಯವನು ನಾನು. ಇದನ್ನು ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ. ಬಾಗಿಲ ಫಲಕದಲ್ಲಿ ಹೆಸರಿನ ಮುಂದೆ ಬಿ.ಎಸ್‌ಸಿ. ಎಂದು ಬರೆಸಿದ್ದೇನೆ. ಈ ಕಾಲದಲ್ಲಿ ಯಾರು ಹಾಗೆ ಬರೆಸುತ್ತಾರೆ ಎಂದು ಫೋರ್ಟ್ ಏರಿಯಾದ ನನ್ನ ಆಫೀಸಿನವರು ನಗುತ್ತಾರೆ. ಅವರ ಅಪ್ಪಂದಿರೂ ಓದಿದವರು, ಅವರು ನಗಬಹುದು.

ಆ ಫಲಕ ಇರುವುದು ಮುಲುಂಡಿನ ಒಂದು ಹಳೆಯ ಬಿಲ್ಡಿಂಗಿನ ಮೂರನೆಯ ಮಾಳಿಗೆಯಲ್ಲಿ. ಅದೇ ಬಿಲ್ಡಿಂಗಿಗೆ ನಮ್ಮಪ್ಪ ಇಪ್ಪತ್ತೊಂದು ವರ್ಷ ವಾಚ್‌ಮನ್ ಆಗಿದ್ದ. ವಿಜಾಪುರದ ಕಡೆಯಿಂದ ಬಂದವನು, ಹೆಬ್ಬೆಟ್ಟಿನವನು. ಮೆಟ್ಟಿಲ ಕೆಳಗೆ, ನೀರಿನ ಪಂಪಿನ ಪಕ್ಕದ ಕೋಣೆಯಲ್ಲಿ ನಾವು ಇದ್ದೆವು. ಪಂಪು ಶುರುವಾದರೆ ಗೋಡೆ ನಡುಗುತ್ತಿತ್ತು, ನನ್ನ ಅಕ್ಷರಗಳೂ ಸೊಟ್ಟಗಾಗುತ್ತಿದ್ದವು. ಅದೇ ಬಿಲ್ಡಿಂಗಿನಲ್ಲೇ ಮನೆ ಕೊಳ್ಳಬೇಕೆಂದು ನಾನು ಹಟ ಹಿಡಿದಿದ್ದೆ. ಇದಕ್ಕಿಂತ ಗಾಳಿ ಬೆಳಕು ಇರುವ ಮನೆಗಳು ಸಿಗುತ್ತಿದ್ದವು. ನನಗೆ ಬೇಕಾಗಿದ್ದು ಗಾಳಿ ಬೆಳಕಲ್ಲ. ಎರಡನೆಯ ಮಾಳಿಗೆಯ ಒಬ್ಬ ಮನುಷ್ಯ ದಿನವೂ ನಾನು ಅವನ ತಲೆಯ ಮೇಲೆ ನಡೆಯುವುದನ್ನು ಕೇಳಬೇಕಾಗಿತ್ತು.

ಆ ಮನುಷ್ಯ ಆಗ ಸೊಸೈಟಿಯ ಸೆಕ್ರೆಟರಿ. ಈಗ ಅಲ್ಲ, ಆದರೂ ಎಲ್ಲರೂ ಹಾಗೆಯೇ ಕರೆಯುತ್ತಾರೆ. ನನಗಿಂತ ಮೂವತ್ತೈದು ವರ್ಷ ದೊಡ್ಡವನು. ಎದುರಿಗೆ ಹಿಂದಿಯಲ್ಲಿ ‘ಆಪ್’ ಎನ್ನುತ್ತೇನೆ. ಕನ್ನಡ ಅವನಿಗೆ ಬಾರದು, ಹಾಗಾಗಿ ಇಲ್ಲಿ ಏಕವಚನ ನನ್ನ ಇಷ್ಟ.

ಗೇಟಿನಲ್ಲಿ ಒಂದು ರಿಜಿಸ್ಟರ್ ಇರುತ್ತಿತ್ತು. ಬಂದವರ ಹೆಸರು, ಯಾರ ಮನೆಗೆ, ಎಷ್ಟು ಹೊತ್ತಿಗೆ, ಸಹಿ, ಕೊನೆಗೆ ಷರಾ. ಅಪ್ಪ ಬಂದವರ ಕೈಗೆ ಪೆನ್ನು ಕೊಟ್ಟು ತಾನೇ ಓದುವವನಂತೆ ಬಗ್ಗಿ ನೋಡುತ್ತಿದ್ದ. ಅವನಿಗೆ ಓದು ಬಾರದೆಂದು ಯಾರಿಗೂ ತಿಳಿಯಬಾರದು. ಪ್ರತಿ ಭಾನುವಾರ ಸೆಕ್ರೆಟರಿ ಬಂದು ಪುಟ ತಿರುವಿ, ಷರಾದ ಕಾಲಂನಲ್ಲಿ ಒಂದು ಸಾಲು ಗೀಚಿ ಸಹಿ ಹಾಕುತ್ತಿದ್ದ. ಅವನ ಜೊತೆ ಬೆಂಚಿನ ಮೇಲೆ ಕೂರುವ ಗೆಳೆಯರು ಅದನ್ನು ಓದಿ ನಗುತ್ತಿದ್ದರು. ಅವರು ನಕ್ಕರೆ ಅಪ್ಪನೂ ನಗುತ್ತಿದ್ದ.

ನನಗೆ ಎಂಟು ವರ್ಷ. ಮುನ್ಸಿಪಾಲ್ಟಿಯ ಕನ್ನಡ ಶಾಲೆಯಲ್ಲಿ ಆ ವರ್ಷ ಮರಾಠಿ ಅಕ್ಷರ ಕಲಿಸಲು ಶುರು ಮಾಡಿದ್ದರು, ಹಿಂದಿಗೂ ಅವೇ ಅಕ್ಷರ. ಅಪ್ಪ ರಿಜಿಸ್ಟರ್ ತಂದು ನನ್ನ ತೊಡೆಯ ಮೇಲಿಟ್ಟ.

“ಸೆಕ್ರೆಟರಿ ಸಾಹೇಬ್ರು ವಾರಾ ವಾರಾ ಶೇರಾ ಬರೀತಾರಪಾ. ಏನ್ ಬರದಾರ, ಓದ್ ನೋಡೂಣು.”

ಅಕ್ಷರಕ್ಕೆ ಅಕ್ಷರ ಕೂಡಿಸಿ ಓದಿದೆ, ಮನಸ್ಸಿನಲ್ಲಿ. ‘ಗಧಾ ಹಾಜರ್.’ ಕತ್ತೆ ಹಾಜರಿದೆ. ಹಿಂದಿನ ವಾರ, ‘ಗಧಾ ಜಾಗ್ ರಹಾ ಹೈ.’ ಕತ್ತೆ ಎಚ್ಚರವಾಗಿದೆ. ಅದರ ಹಿಂದಿನ ವಾರವೂ ಕತ್ತೆ. ಪುಟ ತಿರುವಿದಷ್ಟೂ ಕತ್ತೆ.

“ಏನೈತೋ? ಬರಂಗಿಲ್ಲೇನು?” ಅಪ್ಪನ ಮುಖದಲ್ಲಿ ನಿರಾಸೆ ಶುರುವಾಗಿತ್ತು.

“ಕೆಲಸ ಛಲೋ ಐತಿ ಅಂತ ಬರದಾರ,” ಎಂದೆ.

“ಎಲ್ಲಾ ವಾರಾನೂ?”

“ಎಲ್ಲಾ ವಾರಾನೂ.”

ನಾನು ಅಪ್ಪನಿಗೆ ಓದಿ ಹೇಳಿದ ಮೊದಲ ಬರಹ ಅದು. ಪುಟಗಳು ತುಂಬಿದ ರಿಜಿಸ್ಟರನ್ನು ಅಪ್ಪ ಎಸೆಯಲಿಲ್ಲ, ಟ್ರಂಕಿನಲ್ಲಿ ಇಟ್ಟುಕೊಂಡ. ನಾನು ಡಿಗ್ರಿ ಮುಗಿಸಿ ಸರ್ಟಿಫಿಕೇಟ್ ತಂದು ತೋರಿಸಿದ ದಿನ, “ನಿಂದು ಫೈಲಿನ್ಯಾಗ ಐತಿ, ನಂದು ಟ್ರಂಕಿನ್ಯಾಗ ಐತಿ,” ಎಂದು ನಕ್ಕಿದ್ದ. ಆ ಮಾತಿಗಾಗಿಯೇ ನಾನು ಸೆಕ್ರೆಟರಿಯನ್ನು ಕ್ಷಮಿಸಿಲ್ಲ.

ಹೋದ ವರ್ಷ ಒಂದು ಶನಿವಾರ ಅವನು ಮೆಟ್ಟಿಲಲ್ಲಿ ನನ್ನನ್ನು ಹಿಡಿದ. ಇಂಟರ್‌ನೆಟ್ಟಿನವನು ಬಂದು ಹಳೆಯ ರೂಟರ್ ಕಿತ್ತು ಹೊಸದು ಹಾಕಿ ಹೋಗಿದ್ದಾನೆ. ಹಾಲ್‌ನಲ್ಲಿ ಒಂದು, ಬಾಲ್ಕನಿಯಲ್ಲಿ ಒಂದು ಕ್ಯಾಮೆರಾ ಇದ್ದವು, ಎರಡೂ ಸತ್ತಿವೆ. ಬಾಗಿಲಿಗೆಂದು ತರಿಸಿದ ಮೂರನೆಯದು ಡಬ್ಬಿಯಲ್ಲೇ ಇದೆ. “ತೂ ತೋ ಕಂಪ್ಯೂಟರ್‌ವಾಲಾ ಹೈ ನಾ?” ಎಂದ. ಮನೆಯೊಳಗೆ ಹೆಂಡತಿಗೆ ಕೂಗಿ ಹೇಳಿದ್ದು ಬೇರೆ: “ವಾಚ್‌ಮನ್ ಕಾ ಲಡ್ಕಾ ಆಯಾ ಹೈ, ಚಾಯ್ ರಖೋ.” ವಾಚ್‌ಮನ್‌ನ ಹುಡುಗ ಬಂದಿದ್ದಾನಂತೆ.

ಕ್ಯಾಮೆರಾಗಳು ಸತ್ತಿರಲಿಲ್ಲ. ಅವು ಹಳೆಯ ವೈ-ಫೈ ಹೆಸರನ್ನು, ಹಳೆಯ ಪಾಸ್‌ವರ್ಡನ್ನು ಹುಡುಕುತ್ತ ಕೂತಿದ್ದವು, ಅಷ್ಟೇ. ಹೊಸ ರೂಟರಿಗೂ ಅದೇ ಹೆಸರು, ಅದೇ ಪಾಸ್‌ವರ್ಡ್ ಕೊಟ್ಟುಬಿಟ್ಟರೆ ತಾವಾಗಿಯೇ ಬಂದು ಸೇರಿಕೊಳ್ಳುತ್ತವೆ. ಹತ್ತು ನಿಮಿಷದ ಕೆಲಸ. ಹಾಗೆಯೇ ಮಾಡಿ ಎದ್ದು ಹೋಗುವವನಿದ್ದೆ. ಇದು ನಿಜ.

ಮೊದಲು ಹೊಸ ಕ್ಯಾಮೆರಾ ಕೂರಿಸಿದೆ. ರೂಟರಿನ ಹಿಂದೆ ಅಂಟಿಸಿದ್ದ ಪಾಸ್‌ವರ್ಡ್ ಹಾಕಿ, ಅವನ ಫೋನಿನ ಪರದೆಯ ಕ್ಯೂಆರ್ ಚೌಕವನ್ನು ಕ್ಯಾಮೆರಾದ ಕಣ್ಣಿನ ಮುಂದೆ ಹಿಡಿದೆ. ಕುಂಯ್ ಎಂದು ಸದ್ದು ಮಾಡಿ ಸೇರಿಕೊಂಡಿತು. ಈ ಕ್ಯಾಮೆರಾಗೆ ಹೆಸರು ಕೊಡಿ ಎಂದು ಫೋನು ಕೇಳಿತು. ಏನು ಬರೆಯಲಿ ಎಂದು ಅವನನ್ನು ಕೇಳಿದೆ.

“ವಾಚ್‌ಮನ್ ಲಿಖ್,” ಎಂದ. ಆಮೇಲೆ ತನ್ನ ಮಾತಿಗೆ ತಾನೇ ಖುಷಿಪಟ್ಟು, “ಯೇ ವಾಲಾ ಸೋಯೇಗಾ ನಹೀಂ, ದಿವಾಳಿ ಕಾ ಬಕ್ಷೀಸ್ ಭೀ ನಹೀಂ ಮಾಂಗೇಗಾ,” ಎಂದು ತೊಡೆ ತಟ್ಟಿಕೊಂಡ.

ಇದು ನಿದ್ದೆ ಮಾಡುವುದಿಲ್ಲವಂತೆ, ದೀಪಾವಳಿಯ ಇನಾಮು ಕೇಳುವುದಿಲ್ಲವಂತೆ. ನಾನೂ ನಕ್ಕೆ. ಅಪ್ಪ ನಗುತ್ತಿದ್ದನಲ್ಲ, ಹಾಗೆ. ‘ವಾಚ್‌ಮನ್’ ಎಂದೇ ಬರೆದೆ. ಆಮೇಲೆ ರೂಟರಿನ ಸೆಟ್ಟಿಂಗ್ ತೆರೆದು, ಹಳೆಯ ಪಾಸ್‌ವರ್ಡ್ ಸುರಕ್ಷಿತವಲ್ಲ, ಎಷ್ಟೋ ಜನಕ್ಕೆ ಗೊತ್ತಾಗಿರುತ್ತದೆ, ಹೊಸದು ಇಡಬೇಕು ಎಂದೆ. ಅದೂ ನಿಜವೇ.

“ತೂ ಪಢಾ ಲಿಖಾ ಹೈ, ತೂ ಜಾನೇ,” ಎಂದ. ಓದಿದವನು ನೀನು, ನಿನಗೆ ಗೊತ್ತು. ಇಷ್ಟು ವರ್ಷಗಳಲ್ಲಿ ಅವನು ಆ ಮಾತು ಹೇಳಿದ್ದು ಅದೊಂದೇ ಸಲ.

ಓದಿದವನು ಇಂಗ್ಲಿಷ್ ಅಕ್ಷರಗಳಲ್ಲಿ ‘ನಾನುಕತ್ತೆ’ ಎಂದು ಬರೆದ. ಹಿಂದೆ ಇಪ್ಪತ್ತೊಂದು ಸೇರಿಸಿದ, ಅಪ್ಪ ಗೇಟಿನಲ್ಲಿ ನಿಂತ ವರ್ಷಗಳು. ನಮ್ಮ ಮನೆಯ ಮಾತಿನಲ್ಲಿ ‘ಕತ್ತಿ’ ಎನ್ನುತ್ತೇವೆ. ನಾನು ಪದವೀಧರ, ಪುಸ್ತಕದ ಕನ್ನಡವನ್ನೇ ಹಾಕಿದೆ. ಇನ್ನು ಮೂರೂ ಕ್ಯಾಮೆರಾಗಳನ್ನು ಒಂದೊಂದಾಗಿ ಹೊಸದಾಗಿ ಸೇರಿಸಬೇಕಾಯಿತು. ಬಾಲ್ಕನಿಯದು ಸ್ಟೂಲು ಹತ್ತಿದರೂ ಕೈಗೆ ಸಿಗುತ್ತಿರಲಿಲ್ಲ. ಒಂದೂವರೆ ಗಂಟೆ ಹಿಡಿಯಿತು. ಅಷ್ಟು ಸಂತೋಷದಿಂದ ನಾನು ಆಫೀಸಿನಲ್ಲಿ ಯಾವತ್ತೂ ಕೆಲಸ ಮಾಡಿಲ್ಲ.

ಚೀಟಿಯಲ್ಲಿ ಬರೆದುಕೊಟ್ಟೆ. ಅವನು ಕನ್ನಡಕ ಏರಿಸಿ ಓದಿದ: “ನಾನು... ಕಟ್ಟೆ?”

“ಟಮಾಟರ್‌ನ ಟ ಅಲ್ಲ, ತಬಲಾದ ತ,” ಎಂದು ಹಿಂದಿಯಲ್ಲಿ ತಿದ್ದಿದೆ. “ಕತ್ತೆ.”

“ನಾನು ಕತ್ತೆ. ಮತ್ಲಬ್?”

“ಮನೆ ಭದ್ರವಾಗಿದೆ ಅಂತ,” ಎಂದೆ. ಎಂಟು ವರ್ಷದವನಾಗಿದ್ದಾಗ ಆಡಿದ ಸುಳ್ಳಿನಷ್ಟೇ ಸಲೀಸಾಗಿ ಬಂತು.

ಮುಂದಿನ ಎರಡು ತಿಂಗಳು ನನ್ನ ಬದುಕಿನ ಒಳ್ಳೆಯ ದಿನಗಳು. ಅವನ ಮನೆಗೆ ಬಂದವರೆಲ್ಲ ವೈ-ಫೈ ಕೇಳುತ್ತಿದ್ದರು. ಕಿವಿ ಮಂದವಾದವನು, ಕೂಗಿಯೇ ಹೇಳುತ್ತಿದ್ದ. ಅಳಿಯನಿಗೆ ನಾನು ಕತ್ತೆ ಎಂದ. ಟಿವಿ ರಿಪೇರಿಯವನಿಗೆ ನಾನು ಕತ್ತೆ ಎಂದ. ಅವನ ಹಳೆಯ ಬೆಂಚಿನ ಗೆಳೆಯರಲ್ಲಿ ಉಳಿದ ಇಬ್ಬರಿಗೆ, ತಬಲಾದ ತ ಎಂದು ತಿದ್ದಿ ತಿದ್ದಿ, ನಾನು ಕತ್ತೆ ಎಂದ. ಮೆಟ್ಟಿಲಲ್ಲಿ ನಿಂತು ಶೂ ಲೇಸು ಕಟ್ಟಿಕೊಳ್ಳುವ ನೆಪದಲ್ಲಿ ಕೇಳಿದ್ದೇನೆ. ಆಮೇಲೆ ಲೋಕಲ್ ರೈಲಿನಲ್ಲಿ ಬೆವರಿನ ನಡುವೆ ಜೋತಾಡುತ್ತ ಒಬ್ಬನೇ ನಗುತ್ತಿದ್ದೆ. ಪಾಪ ಅನ್ನಿಸಲಿಲ್ಲವೇ ಎಂದು ಯಾರಾದರೂ ಕೇಳಬಹುದು. ಅನ್ನಿಸಲಿಲ್ಲ.

ಒಂದು ಭಾನುವಾರ ಬೆಳಿಗ್ಗೆ ಅವನು ನೇರ ನನ್ನ ಮನೆಗೇ ಬಂದ. ಹೊಸ ಫೋನು ಕೊಂಡಿದ್ದ, ಅದರಲ್ಲಿ ವೈ-ಫೈ ಸೇರುತ್ತಿಲ್ಲ, ಕ್ಯಾಮೆರಾ ತೆರೆಯುತ್ತಿಲ್ಲ. ಈಗ ನನ್ನ ಜೊತೆಗೇ ಇರುವ ಅಪ್ಪ ಹಾಲ್‌ನಲ್ಲಿ ಕೂತು ಚಹಾ ಕುಡಿಯುತ್ತಿದ್ದ. ಅವನನ್ನು ಕಂಡೊಡನೆ ಎದ್ದು ನಿಂತ. ಈಗಲೂ ಹಾಗೆಯೇ ಎದ್ದು ನಿಲ್ಲುತ್ತಾನೆ, ನಾನು ಎಷ್ಟು ಹೇಳಿದರೂ.

“ಬರಾಬರ್ ಡಾಲಾ ಮೈನೇ,” ಸರಿಯಾಗಿಯೇ ಹಾಕಿದ್ದೇನೆ ಎಂದು ಸೆಕ್ರೆಟರಿ ಚೀಟಿ ಹಿಡಿದು ಗಟ್ಟಿಯಾಗಿ ಓದಿದ. “ನಾನು ಕತ್ತೆ! ನಾನು ಕತ್ತೆ ಇಕ್ಕೀಸ್! ಸಹೀ ಹೈ ನಾ?”

ಅಪ್ಪನ ಕೈಯಲ್ಲಿ ಚಹಾದ ಕಪ್ಪು ನಿಂತಿತು. ಮೊದಲು ಅವನಿಗೆ ನಗು ಬಂತು, ನಾನು ನೋಡಿದೆ. ಆಮೇಲೆ ನನ್ನ ಕಡೆ ತಿರುಗಿದ. ನಗು ಹೋಗಿತ್ತು. ಐದು ನಿಮಿಷದಲ್ಲಿ ಕೆಳಗೆ ಬರುತ್ತೇನೆಂದು ಸೆಕ್ರೆಟರಿಯನ್ನು ಕಳಿಸಿ ಬಾಗಿಲು ಹಾಕಿದೆ.

“ನಾ ಕತ್ತಿ ಅಂತಾರಲ್ಲೋ ಅವ್ರು. ಯಾರ್ ಕಲಿಸ್ಯಾರ ಅವ್ರಿಗೆ?”

“ಪಾಸ್‌ವರ್ಡ್ ಯಪ್ಪಾ. ಸುಮ್ನ ಚೇಷ್ಟಿಗೆ.”

“ಅವ್ರಿಗೆ ಅರ್ಥ ಗೊತ್ತೈತೇನು?”

“ಇಲ್ಲ.”

ಅಪ್ಪ ಕಪ್ಪನ್ನು ಕೆಳಗಿಟ್ಟ. “ತಿಳೀಲಾರದ ಮನಶ್ಯಾನ ಕಡಿಂದ ಹಿಂಗ ಅನಸ್ತಾರೇನೋ? ನನಗೂ ಓದಾಕ ಬರಂಗಿಲ್ಲ. ನನಗ ಯಾರರ ಹಿಂಗ ಮಾಡಿದ್ರ ನೀ ಸುಮ್ನ ಇರ್ತಿದ್ದೇನು?”

ನಾನು ಏನು ಹೇಳಬೇಕಿತ್ತು? ಉತ್ತರ ನಾಲಗೆಯ ತುದಿಯಲ್ಲೇ ಇತ್ತು. ಹೇಳಿದ್ದರೆ ನಾನು ಗೆಲ್ಲುತ್ತಿದ್ದೆ. ಅಪ್ಪನ ಇಪ್ಪತ್ತೊಂದು ವರ್ಷ ಹೋಗುತ್ತಿತ್ತು.

ನನ್ನ ಮೌನ ಅಪ್ಪನಿಗೆ ಸೊಕ್ಕಿನಂತೆ ಕಂಡಿರಬೇಕು. ಒಳಗೆ ಹೋಗಿ ಟ್ರಂಕು ತೆರೆದ ಸದ್ದು ಕೇಳಿಸಿತು. ರಟ್ಟು ಕಿತ್ತುಹೋದ ರಿಜಿಸ್ಟರ್ ತಂದು, ಮೂವತ್ತು ವರ್ಷದ ಹಿಂದಿನಂತೆಯೇ ನನ್ನ ತೊಡೆಯ ಮೇಲೆ ಇಟ್ಟ.

“ಓದು. ಇವ್ರು ನನಗ ಏನ್ ಬರದಾರ ಓದು. ನೀ ಓದಿದಾಂವ, ನೀನ ಓದು.”

ಪುಟ ಹಳದಿಯಾಗಿತ್ತು, ಶಾಯಿ ಮಾತ್ರ ಹಾಗೆಯೇ ಇತ್ತು. ಗಧಾ ಹಾಜರ್. ಸಹಿ. ಅಪ್ಪ ಅದರ ಮೇಲೆ ಬೆರಳಿಟ್ಟುಕೊಂಡು ಕಾಯುತ್ತಿದ್ದ.

“ಕೆಲಸ ಛಲೋ ಐತಿ,” ಎಂದು ಓದಿದೆ.

“ಮುಂದಿಂದು?”

“ಕೆಲಸ ಛಲೋ ಐತಿ.”

ಹೀಗೆ ಆ ಪುಟ ಪೂರ್ತಿ ಓದಿಸಿದ. ನನಗೆ ಡಿಗ್ರಿ ಕೊಟ್ಟವರು ಯಾರೂ ನನ್ನಿಂದ ಅಷ್ಟು ಕಷ್ಟದ ಓದು ಓದಿಸಿಲ್ಲ. ಮುಗಿದ ಮೇಲೆ ರಿಜಿಸ್ಟರ್ ಮುಚ್ಚಿ, “ಇಂಥಾ ಮನಶ್ಯಾಗ ನೀ ಮಾಡಿದ್ದು ಇದು. ಹೋಗು, ಬದಲಿ ಮಾಡಿ ಬಾ,” ಎಂದ.

ಹೋದೆ. ಮೆಟ್ಟಿಲು ಇಳಿಯುವಾಗ ನನಗೆ ಪಶ್ಚಾತ್ತಾಪ ಆಗುತ್ತಿತ್ತೆಂದು ಬರೆದರೆ ಸುಳ್ಳಾಗುತ್ತದೆ. ನನ್ನ ಅಪ್ಪನ ಬಾಯಿಂದಲೇ ಅವನಿಗೆ ಒಳ್ಳೆಯವನೆಂಬ ಸರ್ಟಿಫಿಕೇಟ್ ಸಿಕ್ಕಿತ್ತು, ಅದನ್ನು ಓದಿ ಕೊಟ್ಟವನು ನಾನೇ. ಸಿಟ್ಟು ಇನ್ನೂ ಜಾಸ್ತಿಯಾಗಿತ್ತು. ಬದಲಿ ಮಾಡು ಎಂದು ಅಪ್ಪ ಹೇಳಿದ್ದ; ಏನು ಇಡಬೇಕೆಂದು ಹೇಳಿರಲಿಲ್ಲ.

ರೂಟರಿನಲ್ಲಿ ಹೊಸ ಪಾಸ್‌ವರ್ಡ್ ಹಾಕಿದೆ. ಮೂರೂ ಕ್ಯಾಮೆರಾ ಕೆಂಪು ದೀಪ ಮಿಟುಕಿಸಿದವು. ಅವುಗಳನ್ನು ಮತ್ತೆ ಸೇರಿಸುವ ಕೆಲಸವನ್ನು ಈ ಸಲ ಅವನ ಕೈಯಿಂದಲೇ ಮಾಡಿಸಿದೆ, ನೀವೇ ಕಲಿತರೆ ಒಳ್ಳೆಯದು ಎಂದೆ. ಹೊಸ ಚೀಟಿ ಕೊಟ್ಟೆ. ಅದರಲ್ಲಿ ಇಂಗ್ಲಿಷ್ ಅಕ್ಷರಗಳಲ್ಲಿ ನಮ್ಮಪ್ಪನ ಹೆಸರಿತ್ತು. ಪೂರ್ತಿ ಹೆಸರು, ಮನೆತನದ ಹೆಸರಿನ ಸಮೇತ.

ಅವನು ಮೊದಲು ಹಾಗೂ ಹೀಗೂ ಓದಿದ. ಎಡವಿದ. ಮತ್ತೆ ಓದಿದ.

“ಕಿಸ್ಕಾ ನಾಮ್ ಹೈ ಯೇ?”

ಇಪ್ಪತ್ತೊಂದು ವರ್ಷ ಗೇಟು ತೆರೆದವನ ಹೆಸರು ಅವನಿಗೆ ಗೊತ್ತಿರಲಿಲ್ಲ. ಸಂಬಳದ ಪುಸ್ತಕದಲ್ಲೂ ವಾಚ್‌ಮನ್ ಎಂದೇ ಬರೆದು ಪಕ್ಕದಲ್ಲಿ ಹೆಬ್ಬೆಟ್ಟು ಒತ್ತಿಸಿಕೊಳ್ಳುತ್ತಿದ್ದ.

“ನನ್ನ ಅಪ್ಪನದು,” ಎಂದೆ, ಅವನ ಹಿಂದಿಯಲ್ಲೇ. “ವಾಚ್‌ಮನ್‌ನ ಹೆಸರು.”

ಅವನು ಕನ್ನಡಕದ ಮೇಲಿಂದ ನನ್ನನ್ನು ನೋಡಿದ. ಬೇರೆ ಏನಾದರೂ ಇಡು ಎನ್ನುವನೇನೋ ಎಂದು ಕಾದೆ, ಎನ್ನಲಿ ಎಂಬ ಆಸೆಯೂ ಇತ್ತು. ಎನ್ನಲಿಲ್ಲ. ತೋರುಬೆರಳಿನಿಂದ ಒಂದೊಂದೇ ಅಕ್ಷರ ಒತ್ತುತ್ತ, ಒತ್ತಿದ್ದನ್ನು ಬಾಯಲ್ಲಿ ಹೇಳುತ್ತ, ಕೊನೆಯವರೆಗೆ ಬಂದ. ಸೇರಲಿಲ್ಲ. ಇನ್ನೊಮ್ಮೆ ಒತ್ತಿದ. ಆಗಲೂ ಸೇರಲಿಲ್ಲ.

“ಮೊದಲನೆಯ ಅಕ್ಷರ ದೊಡ್ಡದು,” ಎಂದೆ. “ಸಣ್ಣದು ಹಾಕಿದರೆ ತೆರೆಯುವುದಿಲ್ಲ.”